ಆರು ಪೆನ್ಸ್‌ನಿಂದ 66 ಪೌಂಡ್‌ವರೆಗೆ: ಇಂಗ್ಲೆಂಡಿನ ಹುಡುಗ್ರು ಫುಟ್ಬಾಲ್ ಗ್ರೌಂಡಿಂದ ಹೊರಗುಳಿದ ಕಥೆ

ಇಂಗ್ಲೆಂಡಲ್ಲಿ ಅರವತ್ತು ದಾಟಿರೋ ಯಾವ ಫುಟ್ಬಾಲ್ ಅಭಿಮಾನಿನ ಮಾತಾಡಿಸಿದ್ರೂ ಮಾತು ಎಲ್ಲೆಲ್ಲೋ ಸುತ್ತಾಡಿ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತೆ, ನಾವು ಹುಡುಗ್ರಾಗಿದ್ದಾಗ ಮ್ಯಾಚ್ ನೋಡೋಕೆ ಅಪ್ಪನ ಹತ್ರ ಕೈ ಚಾಚಬೇಕಿರ್ಲಿಲ್ಲ, ಬೆಳಗ್ಗೆ ಮನೆಮನೆಗೆ ಪೇಪರ್ ಹಾಕಿ ಬಂದ ದುಡ್ಡಲ್ಲೇ ಬಸ್ಸು, ಟಿಕೆಟ್ಟು, ಒಂದು ಪ್ರೋಗ್ರಾಮ್ ಪುಸ್ತಕ ಎಲ್ಲಾ ಆಗೋಗ್ತಿತ್ತು ಅಂತ. "ನಮ್ಮ ಕಾಲದಲ್ಲಿ" ಅಂತ ಶುರುವಾಗೋ ಮಾತನ್ನ ನಾನು ಅರ್ಧಕ್ಕರ್ಧ ಕಳೆದೇ ಕೇಳೋದು. ಆದ್ರೆ ಈ ವಿಷಯದಲ್ಲಿ ಹಳೇ ಲೆಕ್ಕ ತೆಗೆದು ನೋಡಿದ್ರೆ ಅವ್ರು ಹೇಳ್ತಿರೋದು ನಿಜ.

2024ರ ನವೆಂಬರ್‌ನಲ್ಲಿ, ಅದೂ ಸೀಸನ್ ಅರ್ಧ ದಾರೀಲಿರುವಾಗ, ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬು ಮೆಂಬರ್‌ಗಳಿಗೆ ಮಾರೋಕೆ ಉಳಿದಿದ್ದ ಟಿಕೆಟ್‌ಗಳಿಗೆಲ್ಲಾ 66 ಪೌಂಡ್ ಅಂತ ಒಂದೇ ರೇಟ್ ಹಾಕ್ತು. ನಮ್ಮ ಲೆಕ್ಕದಲ್ಲಿ ಆಗ ಸುಮಾರು 7,000 ರೂಪಾಯಿ. ಮಕ್ಕಳಿಗೂ ಅಷ್ಟೇ, ಪೆನ್ಷನ್ ತಗೊಳ್ಳೋ ಅಜ್ಜಂದ್ರಿಗೂ ಅಷ್ಟೇ, ಯಾರಿಗೂ ರಿಯಾಯ್ತಿ ಇಲ್ಲ. ಅಲ್ಲೀವರೆಗೆ ಮಕ್ಕಳ ಟಿಕೆಟ್ 25 ಪೌಂಡ್‌ಗೆ ಸಿಗ್ತಿತ್ತು. ಡಿಸೆಂಬರ್ 1ಕ್ಕೆ ಎವರ್ಟನ್ ಮ್ಯಾಚ್ ದಿನ ಸ್ಟೇಡಿಯಂ ಹೊರಗೆ ಜನ ಸೇರಿ ಗಲಾಟೆ ಮಾಡಿದ್ರು. ಇದು ಒಂದೇ ದಿನದಲ್ಲಿ ಆಗಿದ್ದಲ್ಲ, ಇದರ ಹಿಂದೆ ನೂರಮೂವತ್ತು ವರ್ಷದ ಕಥೆ ಇದೆ.

1888ರಲ್ಲಿ 12 ಕ್ಲಬ್ ಸೇರ್ಕೊಂಡು ಫುಟ್ಬಾಲ್ ಲೀಗ್ ಶುರು ಮಾಡಿದ್ವು, 1890ರಲ್ಲಿ ಗಂಡಸರಿಗೆ ಕನಿಷ್ಠ ಪ್ರವೇಶ ದರ ಆರು ಪೆನ್ಸ್ ಅಂತ ಗೊತ್ತು ಮಾಡಿದ್ರು. ಆಗಿನ ಲೆಕ್ಕದಲ್ಲಿ 12 ಪೆನ್ಸ್‌ಗೆ ಒಂದು ಶಿಲಿಂಗು, 20 ಶಿಲಿಂಗಿಗೆ ಒಂದು ಪೌಂಡು, ಅಂದ್ರೆ ಒಂದು ಪೌಂಡಿಗೆ 40 ಜನ ಒಳಗೆ ಹೋಗಬಹುದಿತ್ತು. ಹುಡುಗ್ರಿಗೆ ಅದರಲ್ಲೂ ಅರ್ಧ. ಮ್ಯಾಚ್ ಶನಿವಾರ ಮಧ್ಯಾಹ್ನವೇ ಯಾಕೆ ಅಂದ್ರೆ ಫ್ಯಾಕ್ಟರಿ ಅರ್ಧ ದಿನಕ್ಕೆ ಬಿಡ್ತಿತ್ತು, ಮಿಲ್ಲಿನ ಸೈರನ್ ಆದ್ಮೇಲೆ ಜನ ಮನೆಗೆ ಹೋಗದೆ ಸೀದಾ ಗ್ರೌಂಡ್ ದಾರಿ ಹಿಡೀತಿದ್ರು. ಆರು ಪೆನ್ಸ್ ಕೂಡ ತೀರಾ ಬಡವರಿಗೆ ಸಲೀಸಾದ ದುಡ್ಡಲ್ಲ ಅನ್ನೋದನ್ನ ಮರೀಬಾರದು. ಮೊದಮೊದಲು ಕೆಲವು ಕಡೆ ಹೆಂಗಸರಿಗೆ ಫ್ರೀ ಇತ್ತಂತೆ, ಪ್ರೆಸ್ಟನ್‌ನಲ್ಲಿ 1885ರಲ್ಲಿ ಒಂದೇ ಮ್ಯಾಚ್‌ಗೆ ಎರಡು ಸಾವಿರ ಹೆಂಗಸರು ಬಂದಿದ್ದು ನೋಡಿ ಕ್ಲಬ್‌ನೋರು ಗಾಬರಿಯಾಗಿ ಫ್ರೀ ಎಂಟ್ರಿ ನಿಲ್ಲಿಸಿದ್ರು ಅಂತ ಹೇಳ್ತಾರೆ.

ಮೊದಲನೇ ಮಹಾಯುದ್ಧ ಮುಗಿದ್ಮೇಲೆ ಕನಿಷ್ಠ ದರ ಒಂದು ಶಿಲಿಂಗ್ ಆಯ್ತು. ಆಮೇಲೂ ಏರಿದ್ದು ನಿಧಾನಕ್ಕೇ. ಇಷ್ಟು ಕಾಲ ಹೇಗೆ ಅಗ್ಗವಾಗಿ ಉಳೀತು ಅನ್ನೋದಕ್ಕೆ ಕಾರಣ ಕ್ಲಬ್ ಮಾಲೀಕರ ಧರ್ಮಬುದ್ಧಿ ಅಲ್ಲ. ಆಟಗಾರರ ಸಂಬಳಕ್ಕೆ ಕಾನೂನಿನ ಥರ ಒಂದು ಮಿತಿ ಇತ್ತು, 1901ರಲ್ಲಿ ವಾರಕ್ಕೆ 4 ಪೌಂಡ್, ಅದು ತೆವಳ್ಕೊಂಡು 20 ಪೌಂಡ್‌ಗೆ ಬಂದಿತ್ತು, 1961ರಲ್ಲಿ ಆಟಗಾರರು ಸ್ಟ್ರೈಕ್ ಮಾಡ್ತೀವಿ ಅಂತ ಹೆದರಿಸಿದ್ಮೇಲಷ್ಟೇ ಆ ಮಿತಿ ಹೋಗಿದ್ದು. ಫುಲಂನ ಜಾನಿ ಹೇನ್ಸ್ ವಾರಕ್ಕೆ 100 ಪೌಂಡ್ ತಗೊಂಡಾಗ ಇಡೀ ದೇಶ ಬಾಯಿ ಮೇಲೆ ಬೆರಳಿಟ್ಕೊಂಡಿತ್ತು. ಷೇರುದಾರರು ತಗೊಳ್ಳೋ ಡಿವಿಡೆಂಡ್‌ಗೂ, ಅಂದ್ರೆ ಲಾಭದ ಪಾಲಿಗೂ, ಆಟ ನಡೆಸೋ ಸಂಸ್ಥೆಯಾದ ಫುಟ್ಬಾಲ್ ಅಸೋಸಿಯೇಷನ್ (ಎಫ್‌ಎ) ಮಿತಿ ಹಾಕಿತ್ತು, ಡೈರೆಕ್ಟರ್‌ಗಳಿಗೆ ಸಂಬಳವೇ ಇರ್ಲಿಲ್ಲ. ಗೇಟಲ್ಲಿ ಬಂದ ದುಡ್ಡಲ್ಲಿ ಎದುರಾಳಿ ಕ್ಲಬ್‌ಗೂ ಒಂದು ಪಾಲು ಹೋಗ್ತಿತ್ತು. ಇದರ ಜೊತೆಗೆ ಸೀಟಿಲ್ಲದ ಕಾಂಕ್ರೀಟ್ ಮೆಟ್ಟಿಲು, ನಿಂತ್ಕೊಂಡು ನೋಡೋ ಜಾಗ, ಹಿಡಿದಷ್ಟು ಜನಾನ ತುಂಬು ಅನ್ನೋ ವ್ಯವಸ್ಥೆ. 1948-49ರ ಒಂದೇ ಸೀಸನ್‌ನಲ್ಲಿ ಲೀಗ್ ಮ್ಯಾಚ್‌ಗಳಿಗೆ 4.1 ಕೋಟಿ ಜನ ಬಂದಿದ್ರು. ಅಗ್ಗದ ಟಿಕೆಟ್ಟಿನ ಸ್ವಲ್ಪ ಭಾರ ಆಟಗಾರರ ಹೆಗಲ ಮೇಲೂ ಇತ್ತು ಅನ್ನೋದು ಹಳೇ ದಿನಗಳ ಹೊಗಳಿಕೆಯಲ್ಲಿ ಯಾಕೋ ಬರೋದೇ ಇಲ್ಲ.

ಹುಡುಗ್ರ ವಿಷಯಕ್ಕೆ ಬರೋಣ, ನಂಗೆ ಇಷ್ಟವಾದ ಭಾಗ ಅದೇ. ಟರ್ನ್‌ಸ್ಟೈಲ್ ಅಂತ ಒಬ್ಬೊಬ್ರೇ ನುಸುಳೋ ಕಬ್ಬಿಣದ ತಿರುಗು ಗೇಟು ಇರ್ತಿತ್ತಲ್ಲ, ಅಲ್ಲಿ ಚಿಕ್ಕ ಮಕ್ಕಳನ್ನ ಅಪ್ಪ ಎತ್ತಿ ಆ ಕಡೆ ಇಳಿಸಿಬಿಡೋನು, ಗೇಟಿನವನು ನೋಡಿಯೂ ನೋಡದ ಹಾಗೆ ಇರೋನು. ಅಪ್ಪ ಜೊತೇಲಿ ಇಲ್ದಿದ್ರೂ ಪರವಾಗಿಲ್ಲ, ಕ್ಯೂನಲ್ಲಿರೋ ಯಾರೋ ಮಾವನ ವಯಸ್ಸಿನೋರನ್ನ ಕೇಳಿದ್ರೆ ಎತ್ತಿ ಹಾಕ್ತಿದ್ರು. ಒಳಗೆ ಹೋದ್ಮೇಲೆ ಹಿಂದೆ ನಿಂತ್ರೆ ಏನೂ ಕಾಣಲ್ಲ ಅಂತ ಮಕ್ಕಳನ್ನ ಜನರ ತಲೆ ಮೇಲಿಂದಾನೇ ಕೈಯಿಂದ ಕೈಗೆ ದಾಟಿಸಿ ಮುಂದಿನ ಗೋಡೆ ಹತ್ರ ಇಳಿಸೋರು. ಕೆಲವ್ರು ಮನೆಯಿಂದ ಮರದ ಪೆಟ್ಟಿಗೆ ಹೊತ್ಕೊಂಡು ಬಂದು ಅದರ ಮೇಲೆ ನಿಲ್ತಿದ್ರು. ಲಿವರ್‌ಪೂಲ್‌ನ ಆನ್‌ಫೀಲ್ಡ್‌ನಲ್ಲಿ ಹುಡುಗ್ರಿಗೇ ಅಂತ ಬಾಯ್ಸ್ ಪೆನ್ ಅಂತ ಒಂದು ಕಟಾಂಜನ ಇತ್ತು, ಒಳಗೆ ಹೊಡೆದಾಟ ಬಡಿದಾಟ ಎಲ್ಲಾ ನಡೀತಿತ್ತು, ಅಲ್ಲಿಂದ ಹೇಗಾದ್ರೂ ಹತ್ತಿ ಇಳಿದು ದೊಡ್ಡೋರು ನಿಲ್ಲೋ ಕಾಪ್ ಅನ್ನೋ ಸ್ಟ್ಯಾಂಡ್‌ಗೆ ತಪ್ಪಿಸ್ಕೊಂಡು ಹೋಗೋದೇ ಪೌರುಷ. ಕೈಯಲ್ಲಿ ಒಂದು ಕಾಸೂ ಇಲ್ಲ ಅಂದ್ರೂ ದಾರಿ ಇತ್ತು, ಆಟ ಮುಗಿಯೋಕೆ ಹದಿನೈದಿಪ್ಪತ್ತು ನಿಮಿಷ ಇರೋವಾಗ ಹೊರಗೆ ಹೋಗೋರಿಗೆ ಅಂತ ಗೇಟ್ ತೆಗೀತಿದ್ರು, ಹೊರಗೆ ಕಾಯ್ತಿದ್ದ ಹುಡುಗ್ರು ಸುಯ್ ಅಂತ ಒಳಗೆ ನುಗ್ಗಿ ಕೊನೇ ಗೋಲಾದ್ರೂ ನೋಡೋರು.

ಹಂಗಂತ ಅದೇನು ಸ್ವರ್ಗ ಅಲ್ಲ. ಟಾಯ್ಲೆಟ್‌ವರೆಗೆ ಹೋಗೋಕೇ ಆಗ್ತಿರ್ಲಿಲ್ಲ, ಸುತ್ತಿದ ನ್ಯೂಸ್ ಪೇಪರ್ ಒಳಗೆ ಕೆಲಸ ಮುಗಿಸೋರು ಕೆಲವರು, ಮುಂದೆ ನಿಂತವನ ಕಾಲಿಗೇ ಬಿಡೋರು ಇನ್ನು ಕೆಲವರು. ಎಪ್ಪತ್ತು-ಎಂಬತ್ತರ ದಶಕದಲ್ಲಿ ಕಪ್ಪು ಆಟಗಾರರ ಮೇಲೆ ಬಾಳೆಹಣ್ಣು ಎಸೀತಿದ್ರು, ಕಪ್ಪು ಹುಡುಗ ಒಬ್ಬನೇ ಗ್ರೌಂಡಿಗೆ ಹೋಗಿ ಕ್ಷೇಮವಾಗಿ ಬರ್ತಾನೆ ಅನ್ನೋ ಗ್ಯಾರಂಟಿ ಇರ್ಲಿಲ್ಲ. ಮತ್ತೆ ಸಾವು. 1946ರಲ್ಲಿ ಬೋಲ್ಟನ್‌ನ ಬರ್ನ್‌ಡೆನ್ ಪಾರ್ಕ್‌ನಲ್ಲಿ ನೂಕುನುಗ್ಗಲಿಗೆ 33 ಜನ, 1971ರಲ್ಲಿ ಗ್ಲಾಸ್ಗೋದ ಐಬ್ರಾಕ್ಸ್ ಮೆಟ್ಟಿಲ ಮೇಲೆ 66 ಜನ, 1985ರಲ್ಲಿ ಬ್ರಾಡ್‌ಫರ್ಡ್‌ನ ಮರದ ಸ್ಟ್ಯಾಂಡ್‌ಗೆ ಬೆಂಕಿ ಬಿದ್ದು 56 ಜನ. ಪ್ರತಿ ಸಲ ವಿಚಾರಣೆ, ಪ್ರತಿ ಸಲ ವರದಿ, ಗ್ರೌಂಡ್‌ಗಳು ಬಹುತೇಕ ಹಂಗೇ.

1989ರ ಏಪ್ರಿಲ್ 15, ಶೆಫೀಲ್ಡ್‌ನ ಹಿಲ್ಸ್‌ಬರೋದಲ್ಲಿ ಲಿವರ್‌ಪೂಲ್ ಮತ್ತೆ ನಾಟಿಂಗ್‌ಹ್ಯಾಂ ಫಾರೆಸ್ಟ್ ನಡುವಿನ ಎಫ್‌ಎ ಕಪ್ ಸೆಮಿಫೈನಲ್. ಕಬ್ಬಿಣದ ಬೇಲಿಗೆ ಒತ್ತಿ ಉಸಿರು ಕಟ್ಟಿ ಸತ್ತೋರು ಒಟ್ಟು 97 ಜನ, ಅದರಲ್ಲಿ ಹತ್ತು ವರ್ಷದ ಹುಡುಗನೂ ಇದ್ದ. ಆ ಸ್ಟ್ಯಾಂಡಿಂಗ್ ಟಿಕೆಟ್ ಮೇಲೆ ಅಚ್ಚಾಗಿದ್ದ ದರ 6 ಪೌಂಡ್. ಪೊಲೀಸರು ತಪ್ಪನ್ನ ಅಭಿಮಾನಿಗಳ ತಲೆಗೆ ಕಟ್ಟಿದ್ರು, ಅವ್ರದ್ದೇನೂ ತಪ್ಪಿಲ್ಲ, ಇದು ಕಾನೂನುಬಾಹಿರ ಸಾವು ಅಂತ ಜ್ಯೂರಿ ಹೇಳೋ ಹೊತ್ತಿಗೆ 2016 ಆಗಿತ್ತು.

ಈಗ ಯಾರನ್ನ ಕೇಳಿದ್ರೂ ಟಿಕೆಟ್ ದುಬಾರಿ ಆಗಿದ್ದು ಹಿಲ್ಸ್‌ಬರೋ ಆದ್ಮೇಲೆ, ಎಲ್ಲಾ ಕಡೆ ಸೀಟ್ ಹಾಕಬೇಕಾಯ್ತಲ್ಲ ಅದಕ್ಕೆ ಅಂತಾರೆ. ಇದು ಅರ್ಧ ಸತ್ಯ. ಸೀಟ್ ಹಾಕಿ ಅಂದಿದ್ದು ನ್ಯಾಯಮೂರ್ತಿ ಪೀಟರ್ ಟೇಲರ್ ಅವರ 1990ರ ಜನವರಿ ವರದಿ, ನಿಜ. ಆದ್ರೆ ಅದೇ ವರದೀಲಿ ಅವ್ರು ದರ ಏರಿಸೋ ಅಗತ್ಯ ಇಲ್ಲ, ಈಗ ನಿಂತು ನೋಡೋರ ಕೈಗೆಟುಕೋ ಹಾಗೇ ಸೀಟಿನ ರೇಟ್ ಇಡಬಹುದು ಅಂತಾನೂ ಬರೆದಿದ್ರು, ಐಬ್ರಾಕ್ಸ್‌ನಲ್ಲಿ ಸೀಟಿಗೆ 6 ಪೌಂಡ್, ನಿಲ್ಲೋಕೆ 4 ಪೌಂಡ್ ಇದೆ ನೋಡಿ ಅಂತ ಉದಾಹರಣೆ ಸಮೇತ. ಸರ್ಕಾರವೂ ಪೂಲ್ಸ್ ಅನ್ನೋ ಫುಟ್ಬಾಲ್ ಬೆಟ್ಟಿಂಗ್ ಮೇಲಿನ ತೆರಿಗೆ ಇಳಿಸಿ ಆ ದುಡ್ಡು ಗ್ರೌಂಡ್ ಕೆಲಸಕ್ಕೆ ಹೋಗೋ ಹಾಗೆ ಮಾಡ್ತು. ಕ್ಲಬ್‌ಗಳು ವರದಿಯ ಒಂದು ಸಾಲು ಓದಿದ್ವು, ಇನ್ನೊಂದನ್ನ ಬಿಟ್ವು.

ಅವು ಬಿಟ್ಟಿದ್ದಕ್ಕೆ ಕಾರಣ ಇತ್ತು, ಅದು ಹಿಲ್ಸ್‌ಬರೋಗಿಂತ ಮುಂಚೇನೇ ಶುರುವಾಗಿತ್ತು. 1983ರಲ್ಲಿ ಟಾಟನ್‌ಹ್ಯಾಂ ಕ್ಲಬ್ಬು ಲಂಡನ್ ಷೇರು ಮಾರ್ಕೆಟ್‌ಗೆ ಇಳೀತು, ಮೇಲೊಂದು ಹೋಲ್ಡಿಂಗ್ ಕಂಪನಿ ಮಾಡ್ಕೊಂಡು ಡಿವಿಡೆಂಡ್ ಮಿತಿಯನ್ನ ಸುತ್ತು ಹಾಕಿ ದಾಟ್ತು. ಅದೇ ವರ್ಷ ಗೇಟ್ ದುಡ್ಡು ಹಂಚೋದೂ ನಿಂತು ದೊಡ್ಡ ಕ್ಲಬ್‌ಗಳು ಪೂರ್ತಿ ತಾವೇ ಇಟ್ಕೊಂಡ್ವು. ಒಂದು ಟಿಕೆಟ್ಟಿಗೆ ಒಂದು ಪೌಂಡ್ ಜಾಸ್ತಿ ಮಾಡಿದ್ರೆ ಪೂರ್ತಿ ಪೌಂಡ್ ತನ್ನ ಜೇಬಿಗೇ ಬರುತ್ತೆ ಅಂದ್ಮೇಲೆ ಯಾವ ಮಾಲೀಕ ಸುಮ್ನಿರ್ತಾನೆ ಹೇಳಿ. 1991ರಲ್ಲಿ ಆರ್ಸೆನಲ್‌ನೋರು ಹೊಸ ಸ್ಟ್ಯಾಂಡಿನ ಖರ್ಚಿಗೆ ಬಾಂಡ್ ಮಾರೋಕೆ ಹೊರಟ್ರು, 1,100ರಿಂದ 1,500 ಪೌಂಡ್, ಅದು ಬರೀ ಸೀಸನ್ ಟಿಕೆಟ್ ಕೊಳ್ಳೋ ಹಕ್ಕಿಗೆ, ಟಿಕೆಟ್ ದುಡ್ಡು ಬೇರೆ. ಆ ಸ್ಟ್ಯಾಂಡ್ ಕಟ್ಟೋವಾಗ ಗೋಲ್ ಹಿಂದೆ ಪ್ರೇಕ್ಷಕರ ಚಿತ್ರ ಬರೆದ ದೊಡ್ಡ ಪರದೆ ನಿಲ್ಲಿಸಿದ್ರು, ಅದರಲ್ಲಿ ಮೊದಲು ಒಂದೂ ಕಪ್ಪು ಮುಖ ಇರ್ಲಿಲ್ಲ, ಜನ ಕೇಳಿದ್ಮೇಲೆ ಸೇರಿಸಿದ್ರು.

1992ರಲ್ಲಿ ಮೇಲಿನ ದರ್ಜೆಯ ಕ್ಲಬ್‌ಗಳೇ ಬೇರೆಯಾಗಿ ಮಾಡ್ಕೊಂಡ ಪ್ರೀಮಿಯರ್ ಲೀಗ್ ಬಂತು, ದುಡ್ಡು ಕಟ್ಟಿ ನೋಡೋ ಸ್ಕೈ ಟಿವಿ ಬಂತು, ಐದು ವರ್ಷಕ್ಕೆ 304 ಮಿಲಿಯನ್ ಪೌಂಡ್ ಒಪ್ಪಂದ. 2016ರಿಂದ ಮೂರು ವರ್ಷಕ್ಕೆ ಅದು 5 ಬಿಲಿಯನ್ ದಾಟ್ತು, ಅದೂ ಬ್ರಿಟನ್ ಒಳಗಿನದ್ದು ಮಾತ್ರ. ದೊಡ್ಡ ಕ್ಲಬ್‌ಗಳಿಗೆ ಟಿವಿ ದುಡ್ಡೇ ಇಷ್ಟು ಬರುವಾಗ ಗೇಟ್ ದುಡ್ಡಿಲ್ಲದೆ ಬದುಕೋಕಾಗಲ್ಲ ಅನ್ನೋ ವಾದ ನಿಲ್ಲಲ್ಲ. ಆದ್ರೂ ಏರಿಸಿದ್ರು, ಯಾಕಂದ್ರೆ ಕೊಡೋರು ಇದ್ರು.

ನನ್ನ ಪ್ರಕಾರ ರೇಟಿಗಿಂತ ದೊಡ್ಡ ಪೆಟ್ಟು ಕೊಟ್ಟಿದ್ದು ಟಿಕೆಟ್ ಮಾರೋ ರೀತಿ ಬದಲಾಗಿದ್ದು. ಮೊದಲು ಶನಿವಾರ ಬೆಳಗ್ಗೆ ಎದ್ದು ಮಳೆ ಇದೆಯಾ ನೋಡಿ, ಜೇಬು ಮುಟ್ಟಿ ನೋಡಿ, ಇಬ್ರು ಫ್ರೆಂಡ್ಸ್‌ನ ಕರ್ಕೊಂಡು ಹೋದ್ರೆ ಆಗ್ತಿತ್ತು. ಎಲ್ಲಾ ಸೀಟ್ ಆದ್ಮೇಲೆ ಜಾಗ ಕಮ್ಮಿಯಾಯ್ತು, ಒಂದು ಕಾಲಕ್ಕೆ 28,000 ಜನ ನಿಲ್ತಿದ್ದ ಆನ್‌ಫೀಲ್ಡ್‌ನ ಕಾಪ್‌ನಲ್ಲಿ ಈಗ ಸೀಟುಗಳು 12,000 ಚಿಲ್ಲರೆ. ಇರೋ ಸೀಟಲ್ಲಿ ದೊಡ್ಡ ಪಾಲು ಸೀಸನ್ ಟಿಕೆಟ್‌ಗೆ ಹೋದ್ರೆ ಮಿಕ್ಕಿದ್ದಕ್ಕೆ ಮೆಂಬರ್‌ಶಿಪ್, ಆನ್‌ಲೈನ್ ಕ್ಯೂ, ಕಾರ್ಡು, ಫೋನಿಗೆ ಬರೋ ಟಿಕೆಟ್ಟು. ಹನ್ನೆರಡು ವರ್ಷದ ಹುಡುಗನಿಗೆ ಇದ್ಯಾವುದೂ ತಾನೇ ಮಾಡ್ಕೊಳ್ಳೋಕಾಗಲ್ಲ, ಅಪ್ಪನೇ ಕರ್ಕೊಂಡು ಹೋಗ್ಬೇಕು, ಅಪ್ಪನಿಗೆ ಪಕ್ಕಪಕ್ಕದ ಎರಡು ಸೀಟು ಸಿಗಬೇಕು. ಗ್ರೌಂಡಿಗೆ ಹೋಗೋ ಚಟ ಹತ್ತೋದು ಆ ವಯಸ್ಸಲ್ಲೇ, ಕೈಯಲ್ಲಿ ಕೆಲಸ ಬಂದ್ಮೇಲೆ ಅಲ್ಲ.

ಜನ ಸುಮ್ನೆ ಕೂತಿಲ್ಲ. 2013ರ ಜನವರಿಯಲ್ಲಿ ಆರ್ಸೆನಲ್ ಗ್ರೌಂಡಿಗೆ ಹೋಗೋಕೆ 62 ಪೌಂಡ್ ಕೇಳಿದ್ದಕ್ಕೆ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿನ ಅಭಿಮಾನಿಗಳಿಂದ ನೂರಾರು ಟಿಕೆಟ್ ವಾಪಸ್ ಹೋದ್ವು. 2016ರ ಫೆಬ್ರವರಿ 6ಕ್ಕೆ ಲಿವರ್‌ಪೂಲ್ ಅಭಿಮಾನಿಗಳು 77 ಪೌಂಡ್ ಟಿಕೆಟ್ ವಿರುದ್ಧ 77ನೇ ನಿಮಿಷಕ್ಕೆ ಸಾವಿರಾರು ಜನ ಎದ್ದು ಹೊರಟ್ರು, ಆಗ 2-0 ಮುಂದಿದ್ದ ಟೀಮು ಸಂಡರ್‌ಲ್ಯಾಂಡ್ ವಿರುದ್ಧ 2-2 ಮಾಡ್ಕೊಂಡಿತ್ತು. ಮಾಲೀಕರು ಕೆಲವೇ ದಿನದಲ್ಲಿ ಕ್ಷಮೆ ಕೇಳಿ ರೇಟ್ ವಾಪಸ್ ತಗೊಂಡ್ರು. ಅದೇ ವರ್ಷ ಹೊರಊರಿಂದ ಬರೋ ಅಭಿಮಾನಿಗಳ ಟಿಕೆಟ್‌ಗೆ ಇಡೀ ಲೀಗಿನಲ್ಲಿ 30 ಪೌಂಡ್ ಮಿತಿ ಬಂತು. ಈಗಿನ ವಿಚಿತ್ರ ನೋಡಿ, ಎಷ್ಟೋ ಸಲ ಸ್ವಂತ ಊರಲ್ಲಿ ಕೂತು ನೋಡೋದಕ್ಕಿಂತ ಮುನ್ನೂರು ಕಿಲೋಮೀಟರ್ ಹೋಗಿ ನೋಡೋ ಟಿಕೆಟ್ಟೇ ಅಗ್ಗ.

ಬೇರೆ ದಾರಿ ಇಲ್ವೇ ಅಂದ್ರೆ ಜರ್ಮನಿ ಇದೆ. ಡಾರ್ಟ್‌ಮುಂಡ್‌ನಲ್ಲಿ ಇವತ್ತಿಗೂ ಲೀಗ್ ಮ್ಯಾಚ್‌ಗೆ ಒಂದೇ ಸ್ಟ್ಯಾಂಡಲ್ಲಿ ಸುಮಾರು 25,000 ಜನ ನಿಂತು ನೋಡ್ತಾರೆ, ಅಲ್ಲಿ ಹೆಚ್ಚಿನ ಕ್ಲಬ್‌ಗಳಲ್ಲಿ ಮತದ ಬಹುಪಾಲು ಮೆಂಬರ್‌ಗಳ ಕೈಲೇ ಇರ್ಬೇಕು ಅನ್ನೋ ನಿಯಮ ಇರೋದ್ರಿಂದ ರೇಟ್ ಏರಿಸೋಕೆ ಹೊರಟ್ರೆ ಮೀಟಿಂಗಲ್ಲೇ ಬೈಸ್ಕೊಳ್ತಾರೆ. ಇಂಗ್ಲೆಂಡಲ್ಲೂ 2022ರಿಂದ ಸುರಕ್ಷಿತವಾಗಿ ನಿಲ್ಲೋ ಜಾಗಕ್ಕೆ ಅನುಮತಿ ಬಂದಿದೆ, ನಿಲ್ಲೋದು ಬಂತು, ಹಳೇ ರೇಟ್ ಬರ್ಲಿಲ್ಲ.

ನಮಗೂ ಇದಕ್ಕೂ ಏನು ಸಂಬಂಧ ಅಂದ್ರೆ, ಇದೆ. ಬ್ರಿಟನ್‌ನಲ್ಲಿ ಶನಿವಾರ ಮಧ್ಯಾಹ್ನ 3 ಗಂಟೆಯ ಮ್ಯಾಚ್‌ಗಳನ್ನ ಟಿವಿಯಲ್ಲಿ ಲೈವ್ ತೋರಿಸಲ್ಲ, 1960ರ ದಶಕದಿಂದ ಬಂದ ಪದ್ಧತಿ ಅದು, ಟಿವಿಯಲ್ಲಿ ಬಂದ್ರೆ ಚಿಕ್ಕ ಕ್ಲಬ್‌ಗಳ ಗ್ರೌಂಡಿಗೆ ಜನ ಬರಲ್ಲ ಅಂತ. ಭಾರತಕ್ಕೆ ಆ ನಿರ್ಬಂಧ ಇಲ್ಲ. ಬೆಂಗಳೂರಲ್ಲೋ ಮಂಗಳೂರಲ್ಲೋ ಒಬ್ಬ ಹುಡುಗ ಬೇಸಿಗೇಲಿ ಸಂಜೆ ಏಳೂವರೆಗೆ, ಚಳಿಗಾಲದಲ್ಲಿ ಎಂಟೂವರೆಗೆ ಮೊಬೈಲ್ ತೆಗೆದು ನೋಡೋ ಮ್ಯಾಚನ್ನ ಆ ಸ್ಟೇಡಿಯಂ ಪಕ್ಕದ ಬೀದಿ ಹುಡುಗ ಟಿವಿಲೂ ನೋಡೋಕಾಗಲ್ಲ, ಒಳಗೆ ಹೋಗೋಕೂ ದುಡ್ಡಿಲ್ಲ. 2022-25ರ ಒಪ್ಪಂದದಲ್ಲಿ ಪ್ರೀಮಿಯರ್ ಲೀಗಿಗೆ ಮೊದಲ ಸಲ ಬ್ರಿಟನ್‌ಗಿಂತ ಹೊರದೇಶಗಳ ಟಿವಿ ಹಕ್ಕಿನಿಂದಾನೇ ಹೆಚ್ಚು ದುಡ್ಡು ಬಂತು, ನಾವು ಕಟ್ಟೋ ಸಬ್‌ಸ್ಕ್ರಿಪ್ಷನ್ನೂ ಅದರಲ್ಲಿ ಸೇರಿದೆ. 2024-25ರ ಸೀಸನ್‌ಗೆ ಲೀಗಿನ 20 ಕ್ಲಬ್‌ಗಳಲ್ಲಿ 19 ಮತ್ತೆ ಟಿಕೆಟ್ ರೇಟ್ ಏರಿಸಿದ್ವು.