ಕಚೇರಿ ಒಡೆಯುವ ಮುನ್ನ ವಲಯ ನೋಡಿ

ಹಳೆಯ ಧಾರವಾಡ ಜಿಲ್ಲೆ 1997ರಲ್ಲಿ ಮೂರಾಗಿ ಗದಗ, ಹಾವೇರಿ ಬೇರೆಯಾದವು. 2017-18ರ ಬಜೆಟ್ಟಿನ ಘೋಷಣೆಯಂತೆ ಅಣ್ಣಿಗೇರಿ, ಅಳ್ನಾವರ, ಗಜೇಂದ್ರಗಡ, ಲಕ್ಷ್ಮೇಶ್ವರ, ರಟ್ಟೀಹಳ್ಳಿ ತಾಲ್ಲೂಕುಗಳಾದವು. ತಾಲ್ಲೂಕು ಹೊಸದಾದರೆ ಅದರ ಹಿಂದೆಯೇ ಬರುವ ಬೇಡಿಕೆ: ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿ ನಮಗೂ ಒಂದು ಕೊಡಿ. ಬೇಡಿಕೆ ನ್ಯಾಯವಾದದ್ದೇ. ಆದರೆ ಶಿಶು ಅಭಿವೃದ್ಧಿ ಯೋಜನೆಯನ್ನು ತಹಶೀಲ್ದಾರ್ ಕಚೇರಿಯಂತೆ ಒಡೆಯಲು ಹೋದರೆ ಬೋರ್ಡು, ಕುರ್ಚಿ, ಜೀಪು ಎರಡಾಗುತ್ತವೆ, ಮಕ್ಕಳ ಆರೈಕೆ ಮಾತ್ರ ಇದ್ದಲ್ಲೇ ಇರುತ್ತದೆ.

ತಹಶೀಲ್ದಾರ್ ಕಚೇರಿ ಹತ್ತಿರ ಬೇಕು ಎಂದು ಜನ ಕೇಳುವುದು ಪಹಣಿಗೆ, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅಲೆಯುವುದು ತಪ್ಪಲಿ ಎಂದು. ಸಿಡಿಪಿಓ ಕಚೇರಿಗೆ ತಾಯಂದಿರು ದಿನಾ ಬರುವವರಲ್ಲ. ಅವರ ಕಣ್ಣಿಗೆ ಬೀಳುವ ಇಲಾಖೆ ಎಂದರೆ ಅಂಗನವಾಡಿ ಟೀಚರ್, ಸಹಾಯಕಿ ಮತ್ತು ಆಗೊಮ್ಮೆ ಈಗೊಮ್ಮೆ ಬಂದು ಹೋಗುವ ಸೂಪರ್‌ವೈಸರ್. ಆದ್ದರಿಂದ ಮರುವಿಂಗಡಣೆಯ ಕೆಲಸ ಈ ಸೂಪರ್‌ವೈಸರ್, ಅಂದರೆ ಮೇಲ್ವಿಚಾರಕಿ, ನೋಡಿಕೊಳ್ಳುವ ಅಂಗನವಾಡಿಗಳ ಗುಂಪಾದ ವಲಯದಿಂದ ಶುರುವಾಗಬೇಕು. ವಲಯ ಸರಿಯಾದರೆ ಕಚೇರಿ ಎಲ್ಲಿದ್ದರೂ ನಡೆಯುತ್ತದೆ. ವಲಯ ಕೆಟ್ಟಿದ್ದರೆ ಕಚೇರಿ ಅಂಗನವಾಡಿಯ ಪಕ್ಕದಲ್ಲೇ ಇದ್ದರೂ ಪ್ರಯೋಜನವಿಲ್ಲ.

ಒಬ್ಬ ಮೇಲ್ವಿಚಾರಕಿಗೆ ಸುಮಾರು 25 ಅಂಗನವಾಡಿ ಎಂಬುದು ಲೆಕ್ಕ. ತಿಂಗಳಿಗೆ ಕೆಲಸದ ದಿನ 24 ಎಂದು ಇಟ್ಟುಕೊಳ್ಳೋಣ. ಯೋಜನಾ ಕಚೇರಿಯ ಸಭೆ, ವಲಯ ಸಭೆ, ಮಾಸಿಕ ವರದಿ, ತರಬೇತಿ, ಬೇರೆ ಇಲಾಖೆಯವರು ಹೇರುವ ಸಮೀಕ್ಷೆ ಇವುಗಳಲ್ಲಿ ಎಂಟೊಂಬತ್ತು ದಿನ ಹೋಗುತ್ತವೆ. ಉಳಿದ 15 ದಿನಗಳಲ್ಲಿ 25 ಕೇಂದ್ರ ನೋಡಬೇಕು. ಸಹಿ ಹಾಕಿ ಹೊರಡುವುದಾದರೆ ಒಂದು ಕೇಂದ್ರಕ್ಕೆ 20 ನಿಮಿಷ ಸಾಕು. ನಿಜವಾಗಿ ನೋಡುವುದಾದರೆ ಎರಡು ಗಂಟೆ ಬೇಕು. ನಾಲ್ಕೈದು ಮಕ್ಕಳನ್ನು ತಾನೇ ತಕ್ಕಡಿಗೆ ಹತ್ತಿಸಿ ತೂಕದ ವಹಿಯೊಂದಿಗೆ ಹೊಂದಿಸಬೇಕು, ಆಹಾರದ ಚೀಲ ಎಣಿಸಿ ದಾಸ್ತಾನು ವಹಿಯೊಂದಿಗೆ ತಾಳೆ ನೋಡಬೇಕು, ಸೊರಗಿದ ಮಗು ಇದ್ದರೆ ಅದರ ಮನೆಗೆ ಹೋಗಿ ಬರಬೇಕು. ಹೀಗೆ ದಿನಕ್ಕೆ ಎರಡು ಕೇಂದ್ರ ಆಗಬಹುದು, ಅದೂ ಅವೆರಡು ಒಂದೇ ಬಸ್ಸಿನ ದಾರಿಯಲ್ಲಿದ್ದರೆ. ಹುದ್ದೆ ಖಾಲಿ ಇದ್ದು ಪಕ್ಕದ ವಲಯದ ಪ್ರಭಾರವೂ ಅವರ ತಲೆಗೇ ಬಂದರೆ ಕೇಂದ್ರಗಳು 50 ಆಗುತ್ತವೆ. ಆಗ ಭೇಟಿ ಕಾಗದದಲ್ಲಿ ಮಾತ್ರ ನಡೆಯುತ್ತದೆ. ಹೊಸ ಯೋಜನಾ ಕಚೇರಿಗೆ ಹುದ್ದೆ ಮಂಜೂರು ಮಾಡುವುದಕ್ಕಿಂತ ಮೊದಲು ಖಾಲಿ ವಲಯಗಳನ್ನು ತುಂಬಬೇಕು ಎಂಬ ನನ್ನ ವಾದಕ್ಕೆ ಈ ಲೆಕ್ಕವೇ ಕಾರಣ.

ಹಾಗಾದರೆ ವಲಯದ ಗೆರೆ ಎಲ್ಲಿ ಎಳೆಯಬೇಕು? ಬಯಲು ಸೀಮೆಯಲ್ಲಿ ಒಂದು ಆರೋಗ್ಯ ಉಪಕೇಂದ್ರಕ್ಕೆ 5,000 ಜನ, ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಜನ ಎಂಬುದು ಆರೋಗ್ಯ ಇಲಾಖೆಯ ಮಾನದಂಡ. ನಮ್ಮ ಗ್ರಾಮ ಪಂಚಾಯ್ತಿಗೂ ಸಾಧಾರಣವಾಗಿ 5,000ದಿಂದ 7,000 ಜನ. ಅಂಗನವಾಡಿ 400ರಿಂದ 800 ಜನಕ್ಕೆ ಒಂದು. ಹಾಗಾಗಿ ಒಂದು ಪಂಚಾಯ್ತಿಯ ಎಲ್ಲ ಕೇಂದ್ರಗಳೂ ಒಂದೇ ವಲಯದಲ್ಲಿರಬೇಕು, ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಹಳ್ಳಿಗಳು ಎರಡು ವಲಯಗಳಲ್ಲಿ, ಹೆಚ್ಚೆಂದರೆ ಮೂರರಲ್ಲಿ ಮುಗಿಯಬೇಕು. ಮೊದಲ ನಿಯಮವನ್ನು ಯಾವ ಕಾರಣಕ್ಕೂ ಮುರಿಯಬಾರದು. ಎರಡನೆಯದನ್ನು ಹಳ್ಳ, ಕಾಡು, ರಸ್ತೆ ನೋಡಿ ಸಡಿಲಿಸಬಹುದು. ಕಲಘಟಗಿ, ಅಳ್ನಾವರದ ಕಡೆ ದನಗಾಹಿ ಗೌಳಿಗಳ ಪುಟ್ಟ ವಸತಿಗಳಾದ ದಡ್ಡಿಗಳು ಚದುರಿಕೊಂಡಿವೆ. ಅಲ್ಲಿ 25 ಕೇಂದ್ರ ಎಂದು ಹಟ ಹಿಡಿಯದೆ 18-20ಕ್ಕೆ ವಲಯ ನಿಲ್ಲಿಸುವುದೇ ಸರಿ. ನವಲಗುಂದದ ಎರೆ ನೆಲದಲ್ಲಿ ಮಳೆಗಾಲದ ದಾರಿ ನೋಡಿಕೊಂಡು ಗೆರೆ ಎಳೆಯಬೇಕು. ಬೇಸಿಗೆಯಲ್ಲಿ ಹೊಲದ ದಾರಿಯಿಂದ ಐದು ಕಿಲೋಮೀಟರ್ ಇದ್ದ ಊರಿಗೆ ಶ್ರಾವಣದಲ್ಲಿ ಸುತ್ತಿ ಬಳಸಿ ಹೋಗಬೇಕಾಗುತ್ತದೆ.

ಗೆರೆ ತಪ್ಪಿದರೆ ಆಗುವುದೇನು? ಒಂದು ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂತು ಎನ್ನಿ. ಅದು ತೀವ್ರ ಅಪೌಷ್ಟಿಕತೆ. ಟೀಚರ್ ಚೀಟಿ ಬರೆದು ಕಳಿಸುತ್ತಾರೆ. ಊರಿನ ಉಪಕೇಂದ್ರ ಒಂದು ಆಸ್ಪತ್ರೆಗೆ ಸೇರಿದೆ, ಮೇಲ್ವಿಚಾರಕಿಗೆ ತಿಂಗಳ ಸಭೆಯಲ್ಲಿ ಸಿಗುವ ವೈದ್ಯರು ಇನ್ನೊಂದು ಆಸ್ಪತ್ರೆಯವರು. ಮಗು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಹೋಯಿತೋ ಇಲ್ಲವೋ, ಹೋಗಿ ಬಂದ ಮೇಲೆ ತೂಕ ಏರಿತೋ ಇಲ್ಲವೋ ಎಂದು ಕೇಳುವ ಹೊಣೆ ಇಬ್ಬರಲ್ಲಿ ಯಾರಿಗೂ ಬರುವುದಿಲ್ಲ. ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡದ ಕತೆಯೂ ಇದೇ. ಆ ತಂಡದ ದಿನಪಟ್ಟಿ ಸಿದ್ಧವಾಗುವುದು ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಯಲ್ಲಿ. ನೀವು ಯೋಜನೆ ಒಡೆದದ್ದು ಅವರಿಗೆ ತಿಳಿಯದಿದ್ದರೆ ಗಡಿಯ ಹಳ್ಳಿಗಳು ಎರಡು ಪಟ್ಟಿಗಳಿಂದಲೂ ಜಾರಿ ಬೀಳುತ್ತವೆ.

ಇದನ್ನು ತಪ್ಪಿಸಲು ಮೊದಲು ಒಂದು ದೊಡ್ಡ ಹಾಳೆ ಮಾಡಬೇಕು. ಪ್ರತಿ ಅಂಗನವಾಡಿಗೆ ಒಂದು ಸಾಲು. ಅದರಲ್ಲಿ ಕಂದಾಯ ಗ್ರಾಮ, ಪಂಚಾಯ್ತಿ, ಉಪಕೇಂದ್ರ, ಆಸ್ಪತ್ರೆ, ಪಕ್ಕದ ಸರ್ಕಾರಿ ಶಾಲೆ, ಬಸ್ ದಾರಿ, ಕಟ್ಟಡ ಸ್ವಂತದ್ದೋ ಬಾಡಿಗೆಯದೋ ಎಲ್ಲ ಬರಬೇಕು. ಈ ಹಾಳೆಯನ್ನು ಕಚೇರಿಯ ಗುಮಾಸ್ತರು ಹಳೆಯ ಕಡತ ನೋಡಿ ತುಂಬಬಾರದು. ವಲಯ ಸಭೆಯಲ್ಲಿ ಟೀಚರುಗಳನ್ನೇ ಕೂಡಿಸಿಕೊಂಡು, ಆಶಾ ಕಾರ್ಯಕರ್ತೆ ಎದುರಿಗಿರುವಂತೆ ತುಂಬಿಸಬೇಕು. ಯಾವ ಓಣಿ ಯಾವ ಕೇಂದ್ರಕ್ಕೆ ಎಂಬ ಜಗಳ ಅಲ್ಲೇ ಹೊರಬೀಳುತ್ತದೆ, ಅಲ್ಲೇ ಇತ್ಯರ್ಥವೂ ಆಗುತ್ತದೆ.

ಹಾಳೆ ಸಿದ್ಧವಾದ ಮೇಲೆ ಬರುವುದು ದಿನಾಂಕದ ಪ್ರಶ್ನೆ. ಒಡೆಯುವುದಾದರೆ ಏಪ್ರಿಲ್ 1ಕ್ಕೇ ಒಡೆಯಬೇಕು. ವರ್ಷದ ನಡುವೆ ಒಡೆದರೆ ಅನುದಾನ ಹಳೆಯ ಕಚೇರಿಯ ಹೆಸರಿನಲ್ಲಿ ಉಳಿದು, ಹೊಸ ಕಚೇರಿಯ ಬಿಲ್ಲುಗಳು ಖಜಾನೆಯಿಂದ ವಾಪಸು ಬರುತ್ತವೆ. ಹೊಸ ಅಧಿಕಾರಿಗೆ ಹಣ ಸೆಳೆಯುವ ಅಧಿಕಾರ, ಅದರ ಡಿಡಿಓ ಕೋಡು, ರಾಜ್ಯ ಖಜಾನೆಯ ಆನ್‌ಲೈನ್ ವ್ಯವಸ್ಥೆ ಖಜಾನೆ-2ರಲ್ಲಿ ನೋಂದಣಿ, ಸಹಿಯ ಮಾದರಿ ಇವು ಜನವರಿಯಲ್ಲೇ ಶುರುವಾಗಬೇಕಾದ ಕೆಲಸ. ತಡವಾದರೆ ಮೊದಲು ಏಟು ಬೀಳುವುದು ಕಾರ್ಯಕರ್ತೆ-ಸಹಾಯಕಿಯರ ಗೌರವಧನಕ್ಕೆ. ಆಮೇಲೆ ಕಟ್ಟಡದ ಬಾಡಿಗೆಗೆ, ಮೊಟ್ಟೆ-ತರಕಾರಿಯ ಹಣಕ್ಕೆ. ಮೊಟ್ಟೆಯ ದುಡ್ಡು ಬಾಲವಿಕಾಸ ಸಮಿತಿಯ ಖಾತೆಗೆ ಬರಬೇಕು. ಹೊಸ ಕಚೇರಿಯ ಪಾವತಿ ಪಟ್ಟಿಯಲ್ಲಿ ಆ ಖಾತೆ ಸೇರದಿದ್ದರೆ ಟೀಚರ್ ಕೈಯಿಂದ ಹಾಕಿ ತರುತ್ತಾರೆ, ಇಲ್ಲವೇ ಮಕ್ಕಳಿಗೆ ಮೊಟ್ಟೆ ಇಲ್ಲ. ಎರಡೂ ಆಗಬಾರದು.

ಆಹಾರದ ಸರಪಳಿ ಇನ್ನೂ ಸೂಕ್ಷ್ಮ. 6 ತಿಂಗಳಿಂದ 6 ವರ್ಷದ ಮಗುವಿಗೆ ದಿನಕ್ಕೆ ಇಷ್ಟು ಕ್ಯಾಲರಿ, ಇಷ್ಟು ಪ್ರೋಟೀನು ಎಂದು ನಿಗದಿಯಾಗಿದೆ, ತೀವ್ರ ಅಪೌಷ್ಟಿಕತೆ ಇದ್ದರೆ ಅದಕ್ಕಿಂತ ಹೆಚ್ಚು. ವರ್ಷಕ್ಕೆ 300 ದಿನ ಕೊಡಬೇಕು. ಈ ಆಹಾರ ಮಹಿಳೆಯರೇ ನಡೆಸುವ ಪೂರಕ ಪೌಷ್ಟಿಕ ಆಹಾರ ತಯಾರಿಕಾ ಕೇಂದ್ರದಿಂದ, ಯೋಜನಾ ಕಚೇರಿ ಕಳಿಸುವ ಬೇಡಿಕೆ ಪಟ್ಟಿಯಂತೆ ಬರುತ್ತದೆ. ಒಡೆಯುವ ತಿಂಗಳಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಹೀಗಿದೆ: ಹಳೆಯ ಕಚೇರಿ ತನ್ನ ಲೆಕ್ಕ ಮುಗಿಸಿ ಅಂತಿಮ ಶಿಲ್ಕು ಸೊನ್ನೆ ಎಂದು ಬರೆಯುತ್ತದೆ. ಹೊಸ ಕಚೇರಿ ಆರಂಭಿಕ ಶಿಲ್ಕು ಸೊನ್ನೆ ಎಂದು ತೆರೆಯುತ್ತದೆ. ಅಂಗನವಾಡಿಯ ಮೂಲೆಯಲ್ಲಿರುವ ಅಕ್ಕಿ, ಬೇಳೆ, ಬೆಲ್ಲದ ಚೀಲ ಯಾರ ಲೆಕ್ಕಕ್ಕೂ ಸೇರದೆ ಹುಳ ಹಿಡಿಯುತ್ತದೆ, ಇಲ್ಲವೇ ಎರಡು ವರ್ಷದ ನಂತರ ಆಡಿಟ್ ಆಕ್ಷೇಪಣೆಯಾಗಿ ಟೀಚರ್ ತಲೆಯ ಮೇಲೆ ಬೀಳುತ್ತದೆ. ಮಾರ್ಚ್ 31ರಂದು ಎರಡೂ ಕಡೆಯ ಮೇಲ್ವಿಚಾರಕಿಯರು ಸೇರಿ ಕೇಂದ್ರವಾರು ತೂಕ ಹಾಕಿ, ತಯಾರಿಕೆಯ ದಿನಾಂಕದೊಂದಿಗೆ ಒಂದೇ ಪಟ್ಟಿಗೆ ಇಬ್ಬರೂ ಸಹಿ ಹಾಕುವುದೊಂದೇ ದಾರಿ. ಏಪ್ರಿಲ್‌ನ ಮೊದಲ 15 ದಿನಕ್ಕೆ ಸಾಕಾಗುವಷ್ಟು ಆಹಾರ ಕೇಂದ್ರದಲ್ಲೇ ಇರುವಂತೆ ಮಾರ್ಚ್ ಬೇಡಿಕೆಯಲ್ಲೇ ಸೇರಿಸಿಕೊಳ್ಳಬೇಕು.

ಮಕ್ಕಳ ತೂಕ-ಎತ್ತರ ದಾಖಲಿಸುವ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಕೇಂದ್ರಗಳನ್ನು ಹೊಸ ಯೋಜನೆಯಡಿ ತರುವುದು ಬೇರೆಯೇ ಒಂದು ಕೆಲಸ. ಹೊಸ ಕೋಡು ಬಂತೆಂದು ಮಕ್ಕಳನ್ನು ಹೊಸದಾಗಿ ನೋಂದಾಯಿಸಲು ಹೇಳಬೇಡಿ. ಹಾಗೆ ಮಾಡಿದರೆ ಹಳೆಯ ತೂಕ-ಎತ್ತರದ ಇತಿಹಾಸ ಕಡಿದುಹೋಗುತ್ತದೆ, ಅದೇ ಮಗು ಎರಡು ಕಡೆ ಕಾಣಿಸುತ್ತದೆ. ಕೇಂದ್ರವನ್ನೇ ಮಕ್ಕಳ ಸಮೇತ ವರ್ಗಾಯಿಸಲು ರಾಜ್ಯ ಕಚೇರಿಗೆ ಬರೆಯಬೇಕು. ಮುಗಿಯುವವರೆಗೆ ಕಾಗದದ ವಹಿಗಳೇ ಆಧಾರ. 

ಕಡತ ಹಸ್ತಾಂತರದಲ್ಲಿ ಒಂದು ವಿಷಯಕ್ಕೆ ಒತ್ತು ಕೊಡಲೇಬೇಕು. ಅಂಗನವಾಡಿ ಕಾರ್ಯಕರ್ತೆ, ಸಹಾಯಕಿಯರಿಗೆ ಗ್ರ್ಯಾಚುಟಿ ಕಾಯ್ದೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಹೇಳಿದೆ. ಗ್ರ್ಯಾಚುಟಿ ಲೆಕ್ಕವಾಗುವುದು ಸೇವೆಗೆ ಸೇರಿದ ದಿನಾಂಕದ ಮೇಲೆ. 25-30 ವರ್ಷದ ಹಿಂದಿನ ನೇಮಕಾತಿ ಆದೇಶ ಹಳೆಯ ಕಚೇರಿಯ ಕಪಾಟಿನಲ್ಲಿ ಉಳಿದು, ಹೊಸ ಕಚೇರಿಗೆ ಬರೀ ಹೆಸರಿನ ಪಟ್ಟಿ ಬಂದರೆ, ನಿವೃತ್ತಿಯ ಹೊತ್ತಿಗೆ ಆ ಹೆಣ್ಣುಮಗಳು ಎರಡು ಊರಿನ ನಡುವೆ ಅಲೆಯಬೇಕು. ಪ್ರತಿಯೊಬ್ಬರ ನೇಮಕಾತಿ ಆದೇಶ, ಹಾಜರಾದ ವರದಿ, ರಜೆಯ ವಿವರ ಒಂದೊಂದು ಲಕೋಟೆಯಲ್ಲಿ ಹಾಕಿ, ಅವರ ಸಹಿ ಪಡೆದೇ ಹಸ್ತಾಂತರಿಸಬೇಕು. ತಕ್ಕಡಿ, ಎತ್ತರ ಅಳೆಯುವ ಸಾಧನ, ಮೊಬೈಲ್, ಗ್ಯಾಸ್ ಸಂಪರ್ಕ, ಕಟ್ಟಡದ ಇ-ಸ್ವತ್ತು ದಾಖಲೆ ಇವುಗಳ ಪಟ್ಟಿಯೂ ಜೊತೆಗೇ ಹೋಗಲಿ.

ಈಗ ಪಂಚಾಯ್ತಿಗಳ ಶಿಶುಪಾಲನಾ ಕೇಂದ್ರವಾದ ‘ಕೂಸಿನ ಮನೆ’ಯ ವಿಷಯಕ್ಕೆ ಬರೋಣ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಪಂಚಾಯ್ತಿಗಳಲ್ಲಿ ಇವನ್ನು ತೆರೆಯುವುದಾಗಿ 2023-24ರ ಬಜೆಟ್ ಹೇಳಿತು. ಇವು ಗ್ರಾಮೀಣಾಭಿವೃದ್ಧಿ ಇಲಾಖೆಯವು, ನೋಡಿಕೊಳ್ಳುವುದು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಓ). ಪಾಲನಾ ಯೋಜನೆಯ ಅಂಗನವಾಡಿ-ಶಿಶುಪಾಲನಾ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಅಲ್ಲಿ 25 ಮಕ್ಕಳು, ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ. ಕಾರ್ಖಾನೆಯ ಶಿಶುವಿಹಾರ ಕಾರ್ಮಿಕರಿಗೆ ಸಂಬಂಧಿಸಿದ ಕಾನೂನಿನ ಅಡಿಯಲ್ಲಿ. ಒಂದೂವರೆ ವರ್ಷದ ಒಂದು ಮಗು ಹಗಲಿಡೀ ಕೂಸಿನ ಮನೆಯಲ್ಲಿ, ಹೆಸರು ಅಂಗನವಾಡಿಯಲ್ಲಿ, ಮನೆಗೊಯ್ಯುವ ಆಹಾರವೂ ಅಲ್ಲಿಂದಲೇ. ತೂಕ ಯಾರು ನೋಡಬೇಕು? ಟೀಚರ್ ಬಳಿ ಮಗು ಇಲ್ಲ, ಕೂಸಿನ ಮನೆಯ ಆರೈಕೆದಾರರ ಬಳಿ ಬೆಳವಣಿಗೆಯ ವಹಿ ಇಲ್ಲ.

ಇಲಾಖೆಗಳನ್ನೇ ಒಂದು ಮಾಡಿ ಎನ್ನುವವರಿದ್ದಾರೆ. ಅದು ಬೆಂಗಳೂರಿನಲ್ಲಿ ಆಗಬೇಕಾದ ಮಾತು, ವರ್ಷಗಟ್ಟಲೆ ಹಿಡಿಯುತ್ತದೆ. ಜಿಲ್ಲೆಯಲ್ಲಿ ಅಷ್ಟು ಕಾಯಬೇಕಿಲ್ಲ, ಏಕೆಂದರೆ ಇಲಾಖೆಯ ಉಪ ನಿರ್ದೇಶಕರೂ ಪಂಚಾಯ್ತಿಯ ಪಿಡಿಓಗಳೂ ಜಿಲ್ಲಾ ಪಂಚಾಯ್ತಿ ಸಿಇಓ ಅವರ ಹಿಡಿತದಲ್ಲೇ ಇದ್ದಾರೆ. ಅವರ ಒಂದು ಪುಟದ ಆದೇಶ ಸಾಕು: ಕಟ್ಟಡ, ನೀರು, ಆರೈಕೆದಾರರ ಹಣ ಪಿಡಿಓ ಹೊಣೆ. ತೂಕ, ಲಸಿಕೆ, ಆಸ್ಪತ್ರೆಗೆ ಕಳಿಸುವುದು ವಲಯ ಮೇಲ್ವಿಚಾರಕಿಯ ಹೊಣೆ. ತಿಂಗಳಲ್ಲಿ ಗೊತ್ತಾದ ಒಂದು ದಿನ ಟೀಚರ್ ತಕ್ಕಡಿ ಹಿಡಿದು ಕೂಸಿನ ಮನೆಗೇ ಹೋಗಿ ತೂಕ ಹಾಕಿ, ಅಂಗನವಾಡಿಯ ವಹಿಯಲ್ಲೇ ಬರೆಯಬೇಕು. ಬೇರೆ ವಹಿ ಇಡಬಾರದು. ಒಂದು ಪಂಚಾಯ್ತಿಯ ಕೇಂದ್ರಗಳು ಎರಡು ವಲಯಗಳಿಗೆ ಹಂಚಿಹೋಗಬಾರದು ಎಂದು ಮೊದಲೇ ಹೇಳಿದ್ದು ಇದಕ್ಕೂ ಅನ್ವಯಿಸುತ್ತದೆ. ಒಬ್ಬ ಪಿಡಿಓಗೆ ಒಬ್ಬರೇ ಮೇಲ್ವಿಚಾರಕಿ ಇದ್ದರೆ ಮಾತ್ರ ಈ ಹೊಂದಾಣಿಕೆ ನಡೆಯುತ್ತದೆ.

ಸಮಯದ ಪ್ರಶ್ನೆಯೂ ಇದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂದಾಗ, ರಾಣೆಬೆನ್ನೂರಿನ ಕಡೆ ಬೀಜೋತ್ಪಾದನೆಯ ಕ್ರಾಸಿಂಗ್ (ಹೂವಿಗೆ ಕೈಯಿಂದ ಪರಾಗ ಹಚ್ಚುವ ಕೆಲಸ) ಶುರುವಾದಾಗ ಹೆಣ್ಣುಮಕ್ಕಳು ಬೆಳಗ್ಗೆ ಬೇಗ ಮನೆ ಬಿಡುತ್ತಾರೆ. ಅಂಗನವಾಡಿ ತೆರೆಯುವುದು ಒಂಬತ್ತೂವರೆಗೆ. ಶಿಶುಪಾಲನಾ ಕೇಂದ್ರದ ಏಳೂವರೆ ಗಂಟೆಯನ್ನು ಯಾವಾಗಿನಿಂದ ಯಾವಾಗಿನವರೆಗೆ ಎಂದು ಸ್ಥಳೀಯವಾಗಿ ನಿಗದಿ ಮಾಡಬೇಕು, ಮೇಲ್ವಿಚಾರಕಿಯ ಭೇಟಿಯೂ ಕೆಲವು ದಿನ ಆ ಬೆಳಗಿನ ಹೊತ್ತಿಗೇ ಬೀಳಬೇಕು.

ಹುಬ್ಬಳ್ಳಿ-ಧಾರವಾಡ ನಗರದೊಳಗೆ ಲೆಕ್ಕವೇ ಬೇರೆ. 2021ರ ಪಾಲಿಕೆ ಚುನಾವಣೆಯಲ್ಲಿ 82 ವಾರ್ಡುಗಳಿದ್ದವು. ನಗರ ಆರೋಗ್ಯ ಕೇಂದ್ರಕ್ಕೆ 50,000 ಜನ, ಪಿಡಿಓ ಇಲ್ಲ. ಇಲ್ಲಿ ಬಾಡಿಗೆ ಕೋಣೆಯ ಕೇಂದ್ರ ಎರಡು ಓಣಿ ಆಚೆ ಹೋದರೂ ವಾರ್ಡು ಬದಲಾಗಿಬಿಡಬಹುದು. ಆದ್ದರಿಂದ ನಗರದಲ್ಲಿ ವಾರ್ಡನ್ನು ಬಿಟ್ಟು ನಗರ ಆರೋಗ್ಯ ಕೇಂದ್ರದ ವ್ಯಾಪ್ತಿಯನ್ನೇ ವಲಯದ ಗಡಿಯಾಗಿ ಹಿಡಿಯುವುದು ವಾಸಿ.

ಒಡೆದ ಮೂರು ತಿಂಗಳಿಗೆ, ಅಂದರೆ ಜೂನ್ ಕೊನೆಗೆ, ಮಾರ್ಚ್ ತಿಂಗಳ ಮಕ್ಕಳ ಹೆಸರಿನ ಪಟ್ಟಿಯನ್ನು ಜೂನ್ ಪಟ್ಟಿಯೊಂದಿಗೆ ಹೆಸರು ಹೆಸರಾಗಿ ಹೊಂದಿಸಿ ನೋಡಿ. ಒಟ್ಟು ಸಂಖ್ಯೆ ಹೊಂದಿದರೆ ಸಾಲದು, ಒಂದು ಹೆಸರು ಬಿಟ್ಟುಹೋಗಿ ಇನ್ನೊಂದು ಎರಡು ಸಲ ಬಂದಿದ್ದರೂ ಮೊತ್ತ ಸರಿಯೇ ಇರುತ್ತದೆ. ಸಿಗದ ಹೆಸರುಗಳಲ್ಲಿ ಕೆಲವು ಆರು ವರ್ಷ ತುಂಬಿ ಶಾಲೆಗೆ ಹೋದವು. ಕೆಲವು ಮುಂಡರಗಿ, ಗಜೇಂದ್ರಗಡದ ತಾಂಡಾಗಳಿಂದ ತಂದೆ-ತಾಯಿಯ ಜೊತೆ ಗೋವಾ, ಮಂಗಳೂರಿನ ಕಡೆ ದುಡಿಯಲು ಹೋದವು, ಅವನ್ನು ವಲಸೆ ಎಂದು ಗುರುತು ಮಾಡಿ ವಾಪಸು ಬರುವ ತಿಂಗಳನ್ನು ಬರೆದಿಡಬೇಕು. ಇವೆರಡೂ ಅಲ್ಲದ ಹೆಸರುಗಳನ್ನು ಮಾತ್ರ ಬೇರೆ ಹಾಳೆಗೆ ಇಳಿಸಿ, ಜುಲೈ ಮೊದಲ ವಾರದಲ್ಲಿ ಮೇಲ್ವಿಚಾರಕಿ ಮತ್ತು ಆಶಾ ಇಬ್ಬರೂ ಕೂಡಿ ಆ ಮನೆಗಳಿಗೆ ಹೋಗಬೇಕು.