ಇನ್ನೆರಡು ವೆಬ್ ಸರ್ವರ್ ಸೇರಿಸಿದರೆ ಶೇರ್‌ಪಾಯಿಂಟ್ ಚುರುಕಾಗುತ್ತದೆಯೇ?

ಪ್ರಶ್ನೆ: ಕಚೇರಿಯ ಕಡತ, ಪಟ್ಟಿಗಳನ್ನು ಹಂಚಿಕೊಳ್ಳುವ ಮೈಕ್ರೋಸಾಫ್ಟ್‌ನ ತಂತ್ರಾಂಶ ಶೇರ್‌ಪಾಯಿಂಟ್. ಅದರ ನಮ್ಮ ಫಾರ್ಮ್‌ನಲ್ಲಿ (ಒಟ್ಟಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪಿನಲ್ಲಿ) ಪುಟಗಳು ತೆರೆಯುವುದು ನಿಧಾನ. ಇನ್ನೆರಡು ವೆಬ್ ಸರ್ವರ್ ಹಾಕಿದರೆ ಸರಿಹೋಗುತ್ತದೆಯೇ? ಒಟ್ಟು ಎಷ್ಟು ಸರ್ವರ್ ಬೇಕು?

ಉತ್ತರ: ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಎರಡನೆಯ ಭಾಗ ಸುಲಭ. 2016ರ ಆವೃತ್ತಿಯ ಫೀಚರ್ ಪ್ಯಾಕ್ 1 (ಹೊಸ ಸೌಲಭ್ಯಗಳ ಕಂತು) ಬಂದಮೇಲೆ ಒಂದೇ ಸರ್ವರ್‌ನಲ್ಲಿ ಫ್ರಂಟ್ ಎಂಡ್ (ಪುಟ ಕೊಡುವ ಕೆಲಸ) ಜೊತೆ ಕ್ಯಾಶ್ (ಪದೇ ಪದೇ ಬೇಕಾಗುವ ಮಾಹಿತಿಯ ತಾತ್ಕಾಲಿಕ ಸಂಗ್ರಹ), ಇನ್ನೊಂದರಲ್ಲಿ ಅಪ್ಲಿಕೇಶನ್ (ಹಿನ್ನೆಲೆಯ ಕೆಲಸ) ಜೊತೆ ಸರ್ಚ್ (ಹುಡುಕಾಟ) ಇಡಬಹುದು. ಒಂದು ಸರ್ವರ್ ಕೆಟ್ಟರೂ ಕೆಲಸ ನಿಲ್ಲಬಾರದೆಂದರೆ ಇವು ಎರಡೆರಡು, ಒಟ್ಟು ನಾಲ್ಕು. ಡೇಟಾಬೇಸ್ ಇಡುವ ಎಸ್‌ಕ್ಯುಎಲ್ ಸರ್ವರ್‌ಗಳ ಲೆಕ್ಕ ಬೇರೆ.

ಮೊದಲ ಭಾಗದ ನಂಬಿಕೆಯನ್ನು ದಯವಿಟ್ಟು ಬಿಡಿ. ಪುಟದಲ್ಲಿ ಕಾಣುವ ಪಟ್ಟಿ, ಕಡತ, ಯಾರಿಗೆ ಏನು ಅನುಮತಿ ಎಂಬುದೆಲ್ಲ ಇರುವುದು ಎಸ್‌ಕ್ಯುಎಲ್‌ನಲ್ಲಿ. ವೆಬ್ ಸರ್ವರ್ ಅದನ್ನು ಕೇಳಿ ತಂದು ಜೋಡಿಸಿ ಕೊಡುತ್ತದೆ, ಅಷ್ಟೇ. ಒಂದೇ ಬಾವಿಗೆ ಇನ್ನೆರಡು ಹಗ್ಗ ಇಳಿಬಿಟ್ಟರೆ ಒರತೆ ಹೆಚ್ಚುವುದಿಲ್ಲ. ಜನ ಹೆಚ್ಚಿರುವ ಹೊತ್ತಿನಲ್ಲಿ ವೆಬ್ ಸರ್ವರ್‌ನ ಸಿಪಿಯು ನೋಡಿ. ಅದು ನಿಜಕ್ಕೂ ತುಂಬಿ ತುಳುಕುತ್ತಿದ್ದರೆ ಮಾತ್ರ ಹೊಸ ಸರ್ವರ್ ತನ್ನಿ. ಅದು ಆರಾಮವಾಗಿದ್ದರೆ ಎಸ್‌ಕ್ಯುಎಲ್‌ನ ಡಿಸ್ಕ್ ನೋಡಿ: ಪ್ರತಿ ಜಿಬಿಗೆ ಕನಿಷ್ಠ 0.25 ಐಓಪಿಎಸ್ (ಡಿಸ್ಕ್ ಸೆಕೆಂಡಿಗೆ ಮಾಡುವ ಓದು-ಬರಹಗಳ ಸಂಖ್ಯೆ), 2 ಇದ್ದರೆ ಒಳ್ಳೆಯದು. 200 ಜಿಬಿ ಡೇಟಾಬೇಸ್‌ಗೆ 50ರಿಂದ 400 ಎಂದಾಯಿತು. ಎಸ್‌ಕ್ಯುಎಲ್‌ನ ಮ್ಯಾಕ್ಸ್‌ಡಾಪ್ (ಒಂದು ಕೋರಿಕೆಗೆ ಏಕಕಾಲಕ್ಕೆ ಎಷ್ಟು ಸಿಪಿಯು ಕೋರ್ ಬಳಸಬಹುದೆಂಬ ಸೆಟ್ಟಿಂಗ್) 1 ಇರಲೇಬೇಕು. ಕೋರ್ ಎಷ್ಟೇ ಇರಲಿ, ಅದನ್ನು ಏರಿಸಬೇಡಿ.

ಆಮೇಲೆ ಪಟ್ಟಿಗಳು. ಪಟ್ಟಿಯಿಂದ ಒಂದು ಸಲಕ್ಕೆ ಎತ್ತಬಹುದಾದ ಸಾಲುಗಳಿಗಿರುವ 5000ದ ಮಿತಿಯನ್ನು ಯಾರಾದರೂ 50,000ಕ್ಕೆ ಏರಿಸಿದ್ದಾರೆಯೇ? ಆ ಮಿತಿ ಸುಮ್ಮನೆ ಇಟ್ಟದ್ದಲ್ಲ. ಒಂದು ಡೇಟಾಬೇಸ್‌ನ ಎಲ್ಲ ಪಟ್ಟಿಗಳ ಸಾಲುಗಳೂ ಒಂದೇ ಟೇಬಲ್‌ನಲ್ಲಿ ಕೂತಿರುತ್ತವೆ. ಒಂದೇ ಸಲಕ್ಕೆ ಎತ್ತುವುದು ಸುಮಾರು 5000 ಸಾಲು ದಾಟಿದರೆ ಎಸ್‌ಕ್ಯುಎಲ್ ಸಾಲುಗಳ ಬದಲು ಇಡೀ ಟೇಬಲ್‌ಗೇ ಬೀಗ ಹಾಕಬಹುದು. ಒಬ್ಬರ ದೊಡ್ಡ ಪಟ್ಟಿಗಾಗಿ ಆ ಡೇಟಾಬೇಸ್‌ನ ಎಲ್ಲರೂ ಕಾಯಬೇಕು. ಅಂಥ ಕಡೆ ಮಿತಿ ಇಳಿಸಿ, ಕಾಲಂಗೆ ಇಂಡೆಕ್ಸ್ (ಬೇಗ ಹುಡುಕಲು ಸೂಚಿ) ಹಾಕಿಸಿದಾಗ ಪುಟಗಳು ಹಗುರಾಗಿ ತೆರೆದದ್ದನ್ನು ನಾನೇ ಕಂಡಿದ್ದೇನೆ. ಸರ್ವರ್ ಒಂದೂ ಸೇರಿಸಿರಲಿಲ್ಲ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಫಾರ್ಮ್ ಕಟ್ಟುವಾಗ ಎಸ್‌ಕ್ಯುಎಲ್ ಯಂತ್ರದ ಅಸಲಿ ಹೆಸರು ಕೊಡಬೇಡಿ, ಅಲಿಯಾಸ್ (ಅದಕ್ಕೆ ಇಟ್ಟ ಅಡ್ಡಹೆಸರು) ಕೊಡಿ. ಮುಂದೆ ಯಂತ್ರ ಬದಲಿಸಿದಾಗ ಡೇಟಾಬೇಸ್‌ಗಳನ್ನು ಹೊಸದಕ್ಕೆ ಸಾಗಿಸಿ, ಅಲಿಯಾಸ್ ಅತ್ತ ತಿರುಗಿಸಿದರಾಯಿತು. ಫಾರ್ಮ್ ಕಟ್ಟಿಕೊಡುವ ಕಾನ್ಫಿಗರೇಶನ್ ವಿಝಾರ್ಡ್ ಓಡಿಸುವ ಮೊದಲೇ, ಫಾರ್ಮ್‌ನ ಪ್ರತಿಯೊಂದು ಶೇರ್‌ಪಾಯಿಂಟ್ ಸರ್ವರ್‌ನಲ್ಲೂ ಆ ಅಲಿಯಾಸ್ ಮಾಡಿಡಿ. ಒಂದರಲ್ಲಿ ಮರೆತರೆ ಆ ಸರ್ವರ್‌ಗೆ ಡೇಟಾಬೇಸ್ ಸಿಗುವುದೇ ಇಲ್ಲ.