ಅಳಿವೆಯ ನೀರನ್ನು ಯಾವ ಗಂಟೆಯಲ್ಲಿ ಅಳೆದಿರಿ?

ಅಳಿವೆಯ ನೀರು ಹೇಗಿದೆ ಎಂದು ಯಾರಾದರೂ ಒಂದು ಅಂಕಿ ಕೊಟ್ಟರೆ, ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಇದನ್ನು ಉಬ್ಬರದಲ್ಲಿ ಅಳೆದದ್ದೋ, ಇಳಿತದಲ್ಲೋ? ನದಿ ಸಮುದ್ರ ಸೇರುವಲ್ಲಿ ಒಂದೇ ಜಾಗದಲ್ಲಿ ದೋಣಿ ನಿಲ್ಲಿಸಿ ಈಗೊಂದು ಬಾಟಲಿ, ಆರು ಗಂಟೆ ಬಿಟ್ಟು ಇನ್ನೊಂದು ಬಾಟಲಿ ತುಂಬಿಸಿದರೆ ಎರಡರಲ್ಲೂ ಇರುವುದು ಬೇರೆ ಬೇರೆ ನೀರು. ಒಂದರಲ್ಲಿ ಲೀಟರಿಗೆ 3 ಗ್ರಾಂ ಉಪ್ಪು ಇದ್ದರೆ ಇನ್ನೊಂದರಲ್ಲಿ 25 ಗ್ರಾಂ ಇರಬಹುದು. ಉಪ್ಪಿನ ಜೊತೆ ಆಮ್ಲಜನಕ, ಕೆಸರು, ರೋಗಾಣು ಎಲ್ಲವೂ ಬದಲಾಗಿರುತ್ತವೆ. ಇಳಿತದಲ್ಲಿ ಸಿಕ್ಕಿದ್ದು ಮೇಲಿನ ಊರುಗಳನ್ನು ಹಾದು ಬಂದ ನದಿ. ಉಬ್ಬರದಲ್ಲಿ ಸಿಕ್ಕಿದ್ದು ಒಳಗೆ ನುಗ್ಗಿದ ಸಮುದ್ರ. ಗಂಟೆ ಬರೆಯದೆ ಇದ್ದರೆ ಆ ಅಂಕಿಯನ್ನು ಯಾವುದಕ್ಕೂ ಹೋಲಿಸಲು ಬರುವುದಿಲ್ಲ.

ಇದರಲ್ಲಿ ಸುಲಭವಾಗಿ ಕಣ್ತಪ್ಪುವ ಒಂದು ವಿಷಯವಿದೆ. ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ 12 ಗಂಟೆ 25 ನಿಮಿಷ ಬೇಕು. ಅಂದರೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಪ್ರತಿ ಸೋಮವಾರ ಬೆಳಿಗ್ಗೆ 10 ಗಂಟೆಗೆ ನೀರು ತೆಗೆಯುವವರಿಗೆ ಒಂದು ವಾರ ಉಬ್ಬರ ಸಿಕ್ಕರೆ ಮುಂದಿನ ವಾರ ಹೆಚ್ಚುಕಡಿಮೆ ಇಳಿತ ಸಿಗುತ್ತದೆ. ಅದು ಒಳ್ಳೆಯದೇ. ಆದರೆ 15 ದಿನಕ್ಕೊಮ್ಮೆ, ಅಂದರೆ ವಾರ ಬಿಟ್ಟು ವಾರ ತೆಗೆದರೆ? 14 ದಿನದಲ್ಲಿ 27 ಉಬ್ಬರಗಳು ಮುಗಿದು ಮುಕ್ಕಾಲು ಗಂಟೆಯ ಆಸುಪಾಸು ಮಾತ್ರ ಉಳಿಯುತ್ತದೆ. ಹಾಗಾಗಿ ತಿಂಗಳೆರಡು ತಿಂಗಳು ಅವರ ಬಾಟಲಿಗೆ ಹೆಚ್ಚುಕಡಿಮೆ ಅದೇ ಉಬ್ಬರದ ನೀರೇ ಬರುತ್ತಿರುತ್ತದೆ. ಅಷ್ಟೇ ಅಲ್ಲ, ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಉಬ್ಬರವೂ ಅಷ್ಟಮಿಯ ಸಣ್ಣ ಉಬ್ಬರವೂ ಸರಿಸುಮಾರು ಇದೇ ಲೆಕ್ಕದಲ್ಲಿ ತಿರುಗುತ್ತವೆ. ಒಮ್ಮೆ ಸಮುದ್ರದ ನೀರು ತುಂಬಿದ ಹೊತ್ತಿಗೆ ಶುರು ಮಾಡಿದವರ ವರದಿಯಲ್ಲಿ ಅಳಿವೆ ತಿಂಗಳುಗಟ್ಟಲೆ ಶುದ್ಧವಾಗಿಯೇ ಕಾಣುತ್ತದೆ. ಯಾರೂ ಸುಳ್ಳು ಹೇಳಿಲ್ಲ. ಆದರೂ ವರದಿ ತಪ್ಪು.

ಗಂಟೆಯಷ್ಟೇ ಮುಖ್ಯವಾದದ್ದು ಆಳ. ಉಪ್ಪುನೀರು ಭಾರ, ಸಿಹಿನೀರು ಹಗುರ. ನದಿ ತುಂಬಿ ಹರಿಯುವಾಗ ಸಿಹಿನೀರು ಮೇಲೆ ಹೊರಗೆ ಹೋಗುತ್ತಿದ್ದರೆ, ಅದರ ಅಡಿಯಲ್ಲಿ ಉಪ್ಪುನೀರು ಬೆಣೆಯ ಆಕಾರದಲ್ಲಿ ಒಳಗೆ ಬರುತ್ತಿರುತ್ತದೆ. ಮೇಲಿನಿಂದ ಸುಮ್ನೆ ಒಂದು ಬಕೆಟ್ ನೀರು ಎತ್ತಿದರೆ ಕೆಳಗಿನ ನೀರಿನ ಸುದ್ದಿಯೇ ಸಿಗುವುದಿಲ್ಲ. ಅದಕ್ಕೇ ನೀರಿನ ವಿದ್ಯುತ್ ವಾಹಕತೆ, ಬಿಸಿ, ಆಳ ಮೂರನ್ನೂ ಒಟ್ಟಿಗೆ ಅಳೆಯುವ ಸಿಟಿಡಿ ಎಂಬ ಉಪಕರಣವನ್ನು ತಳದವರೆಗೂ ಇಳಿಸುತ್ತಾರೆ. ವಾಹಕತೆಯಿಂದ ಉಪ್ಪಿನ ಲೆಕ್ಕ ಸಿಗುತ್ತದೆ.

ಕೆಳಗಿನ ಪದರಕ್ಕೆ ಇಷ್ಟು ಮಹತ್ವ ಯಾಕೆ ಅಂದರೆ, ಅಳಿವೆಯಲ್ಲಿ ಮೊದಲು ಉಸಿರುಗಟ್ಟುವುದು ಅಲ್ಲೇ. ಮೇಲಿನ ಹಗುರ ನೀರು ಮುಚ್ಚಿಕೊಂಡಿರುವುದರಿಂದ ಗಾಳಿಯ ಆಮ್ಲಜನಕ ಕೆಳಗೆ ಇಳಿಯುವುದಿಲ್ಲ. ತಳಕ್ಕೆ ಬಿದ್ದ ಕೊಳೆಯನ್ನು ಬ್ಯಾಕ್ಟೀರಿಯಾ ತಿನ್ನುತ್ತಾ ಇದ್ದ ಆಮ್ಲಜನಕವನ್ನೂ ಮುಗಿಸುತ್ತವೆ. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗೆ ಹೋದರೆ ಮೀನುಗಳು ಜಾಗ ಬಿಡುತ್ತವೆ. ಓಡಲಾರದವು ಸಾಯುತ್ತವೆ. ಇಲ್ಲೂ ಅಂಕಿ ಓದುವಾಗ ಎಚ್ಚರ ಬೇಕು. 20 ಡಿಗ್ರಿ ಬಿಸಿಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. ಅಷ್ಟೇ ಬಿಸಿಯ ಸಮುದ್ರದ ನೀರು 7.4 ಮಾತ್ರ ಹಿಡಿದಿಡಬಲ್ಲದು. 30 ಡಿಗ್ರಿಗೆ ಏರಿದರೆ ಸಮುದ್ರದ ನೀರಿನಲ್ಲಿ 6.2 ಮಾತ್ರ. ಅಂದರೆ 6 ಎಂಬ ಅಂಕಿ ಒಂದು ಕಡೆ ತುಂಬಿದ ನೀರು, ಇನ್ನೊಂದು ಕಡೆ ಮೂರನೇ ಒಂದು ಪಾಲು ಖಾಲಿಯಾದ ನೀರು! ಅದಕ್ಕೇ ಮಿಲಿಗ್ರಾಂ ಜೊತೆಗೆ, ನೀರು ಹಿಡಿದಿಡಬಲ್ಲದ್ದರಲ್ಲಿ ಶೇಕಡಾ ಎಷ್ಟಿದೆ ಎಂಬ ಲೆಕ್ಕವನ್ನೂ ಕೊಡಬೇಕು. ಹಗಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೂ ಉಸಿರಾಡುತ್ತದೆ. ಹೀಗಾಗಿ ಸೂರ್ಯ ಹುಟ್ಟುವ ಮುಂಚೆ ಆಮ್ಲಜನಕ ತೀರಾ ಕಡಿಮೆ. ಕಚೇರಿ ಸಮಯದಲ್ಲಿ ಮಾತ್ರ ಅಳೆಯುವವರಿಗೆ ಅದು ಗೊತ್ತೇ ಆಗುವುದಿಲ್ಲ. ಈಗ ನೀರಿನಲ್ಲೇ ಬಿಟ್ಟು ಕೆಲವು ನಿಮಿಷಕ್ಕೊಮ್ಮೆ ಅಂಕಿ ಬರೆದುಕೊಳ್ಳುವ ಸೆನ್ಸರ್‌ಗಳಿವೆ, ರಾತ್ರಿಯ ಕಥೆಯನ್ನು ಅವು ಹೇಳುತ್ತವೆ. ಆದರೆ ಅವುಗಳ ಮೇಲೆ ಪಾಚಿ, ಬಸವನಹುಳು ಹತ್ತಿಕೊಂಡು ಲೆಕ್ಕ ಜಾರುತ್ತದೆ. ಆಗ ಸರಿನೋಡಲು ಬಳಸುವುದು ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಕೊಟ್ಟ ಹಳೆಯ ವಿಧಾನವನ್ನೇ. ಬಾಟಲಿ ತುಂಬಿದ ಕೂಡಲೇ ಮ್ಯಾಂಗನೀಸ್ ಲವಣವನ್ನೂ ಅಯೋಡೈಡ್ ಬೆರೆತ ಕ್ಷಾರವನ್ನೂ ಹಾಕಿ, ನೀರಿನ ಆಮ್ಲಜನಕವನ್ನು ಅಲ್ಲೇ ಕಂದು ಗಸಿಯಾಗಿ ಕಟ್ಟಿಹಾಕುವ ವಿಧಾನ ಅದು.

ಕೊಳೆಯ ಹೊರೆ ಎಷ್ಟಿದೆ ಎಂದು ತಿಳಿಯಲು ಬಿಓಡಿ ಪರೀಕ್ಷೆ ಮಾಡುತ್ತಾರೆ. ಮುಚ್ಚಿದ ಬಾಟಲಿಯನ್ನು ಕತ್ತಲಲ್ಲಿ, 20 ಡಿಗ್ರಿಯಲ್ಲಿ 5 ದಿನ ಇಟ್ಟು ಆಮ್ಲಜನಕ ಎಷ್ಟು ಇಳಿಯಿತು ಎಂದು ನೋಡುವ ಪರೀಕ್ಷೆ. 5 ದಿನವೇ ಯಾಕೆ? ಇದು ಬ್ರಿಟನ್ನಿನ ಚರಂಡಿ ನೀರಿನ ರಾಯಲ್ ಕಮಿಷನ್ 1912ರ ವರದಿಯ ಕಾಲದಿಂದ ಬಂದದ್ದು. ಅಲ್ಲಿಯ ನದಿಗಳ ನೀರು ಹುಟ್ಟಿದ ಜಾಗದಿಂದ ಸಮುದ್ರಕ್ಕೆ ಹೋಗಲು 5 ದಿನಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಸಮುದ್ರ ಸೇರಿದರೆ ಕೊಳೆಯ ಕಥೆ ಮುಗಿಯಿತು ಎಂಬ ನಂಬಿಕೆ ಆ ಅಂಕಿಯಲ್ಲಿ ಸೇರಿಕೊಂಡಿದೆ ಅಲ್ವಾ? ಅಳಿವೆಯಲ್ಲಿ ಹಾಗೆ ಮುಗಿಯುವುದಿಲ್ಲ. ನೀರು ಇಲ್ಲಿ ಜೋಕಾಲಿಯ ಹಾಗೆ ಹೋಗಿ ಬರುತ್ತದೆ. ಇಳಿತದಲ್ಲಿ ಹಲವು ಕಿಲೋಮೀಟರ್ ಕೆಳಗೆ ಹೋದ ಕೊಳೆ ಉಬ್ಬರದಲ್ಲಿ ಅಷ್ಟೇ ದೂರ ವಾಪಸ್ ಬರಬಹುದು. ಪ್ರತಿ ಸುತ್ತಿನಲ್ಲೂ ಹೊರಗೆ ಜಾರುವುದು ಸ್ವಲ್ಪ ಮಾತ್ರ. ನದಿಯ ಹರಿವು ಕಡಿಮೆಯಾದ ಕಾಲದಲ್ಲಿ ಒಂದೇ ನೀರು ವಾರಗಟ್ಟಲೆ ಅಲ್ಲೇ ತಿರುಗುತ್ತಿರುತ್ತದೆ. ನದಿಗೆ ಬಿಡಲು ಸರಿ ಎನಿಸಿದ ಕೊಳೆಯ ಪ್ರಮಾಣ ಅಳಿವೆಗೆ ಸರಿಯಾಗಬೇಕಿಲ್ಲ. ಅನುಮತಿ ಕೊಡುವವರು ಇದನ್ನು ಮೊದಲು ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಷ್ಟು ಕಲಸುಮೇಲೋಗರ ನೀರಿನಲ್ಲಿ ಕೊಳೆ ಎಲ್ಲಿ ಸೇರಿತು ಎಂದು ಪತ್ತೆ ಮಾಡಲು ಒಂದು ಚಂದದ ಉಪಾಯವಿದೆ. ಜಾಗವನ್ನು ಮರೆತು ಉಪ್ಪನ್ನೇ ಅಳತೆಗೋಲು ಮಾಡಿಕೊಳ್ಳುವುದು. ಅಡ್ಡಗೆರೆಯಲ್ಲಿ ಉಪ್ಪು, ಉದ್ದಗೆರೆಯಲ್ಲಿ ಚರಂಡಿ, ಗೊಬ್ಬರಗಳಿಂದ ನೀರಿಗೆ ಸೇರುವ ನೈಟ್ರೇಟ್ ಇಟ್ಟು, ಸಿಹಿನೀರಿನಿಂದ ಸಮುದ್ರದವರೆಗೆ ತೆಗೆದ ನೀರನ್ನೆಲ್ಲ ಚುಕ್ಕಿಗಳಾಗಿ ಗುರುತಿಸುತ್ತಾರೆ. ನದಿಯ ನೀರೂ ಸಮುದ್ರದ ನೀರೂ ಬರೀ ಬೆರೆಯುತ್ತಿದ್ದರೆ ಚುಕ್ಕಿಗಳು ನೇರ ಗೆರೆಯಲ್ಲಿ ಬೀಳುತ್ತವೆ. ಚುಕ್ಕಿಗಳು ಗೆರೆಯ ಕೆಳಗೆ ಬಾಗಿದರೆ ನಡುವೆ ನೈಟ್ರೇಟ್ ಖರ್ಚಾಗುತ್ತಿದೆ. ಪಾಚಿ ತಿನ್ನುತ್ತಿರಬಹುದು, ಕೆಸರಿನ ಬ್ಯಾಕ್ಟೀರಿಯಾ ಅದನ್ನು ಸಾರಜನಕ ಅನಿಲವಾಗಿ ಗಾಳಿಗೆ ಬಿಡುತ್ತಿರಬಹುದು. ಮೇಲಕ್ಕೆ ಉಬ್ಬಿದರೆ ದಾರಿಯಲ್ಲಿ ಎಲ್ಲೋ ಹೊಸದಾಗಿ ಸೇರುತ್ತಿದೆ. ನದಿಯ ನೀರೇ ದಿನದಿನಕ್ಕೆ ಬದಲಾಗುತ್ತಿದ್ದರೆ ಗೆರೆ ಸುಳ್ಳಾಗಿ ಬಾಗುವುದೂ ಉಂಟು. ಹಾಗಾಗಿ ಬೇರೆ ಬೇರೆ ಕಾಲದಲ್ಲಿ ಮತ್ತೆ ಮತ್ತೆ ಮಾಡಿ ನೋಡಬೇಕು.

ಪ್ರಯೋಗಾಲಯದಲ್ಲೂ ಉಪ್ಪು ಕಾಡುತ್ತದೆ. ಕೊಳೆಯನ್ನು ಬ್ಯಾಕ್ಟೀರಿಯಾದ ಬದಲು ರಾಸಾಯನಿಕದಿಂದ ಅಳೆಯುವ, ನದಿ ನೀರಿಗೆ ಮಾಡುವ ಸಿಓಡಿ ಪರೀಕ್ಷೆಯಲ್ಲಿ ಲೀಟರಿಗೆ 2 ಗ್ರಾಂಗಿಂತ ಜಾಸ್ತಿ ಕ್ಲೋರೈಡ್, ಅಂದರೆ ಉಪ್ಪಿನ ಒಂದು ಅಂಶ, ಇದ್ದರೆ ಫಲಿತಾಂಶ ನಂಬುವಂತಿಲ್ಲ. ಸಮುದ್ರದ ನೀರಿನಲ್ಲಿ ಅದು 19 ಗ್ರಾಂ ಇರುತ್ತದೆ. ಮಲದ ಕುರುಹಾಗಿ ನದಿಯಲ್ಲಿ ಹುಡುಕುವ ಇ. ಕೋಲೈ ಉಪ್ಪುನೀರಿನಲ್ಲಿ ಬೇಗ ಸಾಯುತ್ತದೆ. ಅದು ಸಿಗಲಿಲ್ಲ ಅಂದ ಮಾತ್ರಕ್ಕೆ ನೀರು ಚೊಕ್ಕ ಎಂದುಕೊಳ್ಳಬಾರದು. ಮಲದಲ್ಲೇ ಬರುವ, ಆದರೆ ಉಪ್ಪುನೀರಿನಲ್ಲಿ ಹೆಚ್ಚು ಕಾಲ ಬದುಕುವ ಎಂಟೆರೊಕಾಕಸ್ ಎಂಬ ಬ್ಯಾಕ್ಟೀರಿಯಾವನ್ನೂ ಎಣಿಸಬೇಕು.

ಇಷ್ಟೆಲ್ಲ ಮಾಡಿದರೂ ನೀರು ಹೇಳುವುದು ಆ ಗಳಿಗೆಯ ಮಾತು. ಮೊನ್ನೆ ರಾತ್ರಿ ಯಾರೋ ವಿಷ ಬಿಟ್ಟು ಹೋಗಿದ್ದರೆ ಅದು ಆಗಲೇ ಆ ಜಾಗದಿಂದ ಚದುರಿ ಹೋಗಿರಬಹುದು. ಉಳಿಯುವುದು ಕೆಸರು, ಮತ್ತು ಕೆಸರು ಬಿಟ್ಟು ಹೋಗಲಾರದ ಜೀವಿಗಳು. ಹುಳುಗಳು, ಕಪ್ಪೆಚಿಪ್ಪುಗಳು, ಸಣ್ಣ ಏಡಿಗಳು ತಿಂಗಳು ವರ್ಷಗಳ ಕಾಲ ಅದೇ ಜಾಗದಲ್ಲಿ ಇದ್ದು ಬಂದದ್ದನ್ನೆಲ್ಲ ಅನುಭವಿಸಿರುತ್ತವೆ. ತಳದಿಂದ ಒಂದು ಚದರ ಮೀಟರಿನ ಹತ್ತನೇ ಒಂದು ಭಾಗದಷ್ಟು ಕೆಸರನ್ನು ಬಾಯಿ ಮುಚ್ಚುವ ಕಬ್ಬಿಣದ ಬುಟ್ಟಿಯಲ್ಲಿ ಎತ್ತುತ್ತಾರೆ. ಮೊದಲು ಬಣ್ಣ, ವಾಸನೆ ನೋಡುತ್ತಾರೆ. ಮೇಲೆ ಕಂದು, ಅಡಿಯಲ್ಲಿ ಕಪ್ಪು ಇರುವುದು ಸಹಜ. ಕಪ್ಪು ಮೇಲಿನವರೆಗೂ ಬಂದು ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಆಮ್ಲಜನಕ ಕೆಸರಿನೊಳಕ್ಕೆ ಇಳಿಯುತ್ತಿಲ್ಲ ಎಂದರ್ಥ. ಆಮೇಲೆ ಅರ್ಧ ಅಥವಾ ಒಂದು ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದ ಜೀವಿಗಳನ್ನು ಒಂದೊಂದಾಗಿ ಗುರುತಿಸಿ ಎಣಿಸುತ್ತಾರೆ. ಬೇಸರದ, ಕಣ್ಣು ಸೋಲುವ ಕೆಲಸ. ಆದರೆ ಇಡೀ ಪರೀಕ್ಷೆಯಲ್ಲಿ ನಾನು ಅತಿ ಹೆಚ್ಚು ನಂಬುವುದು ಇದನ್ನೇ.

ಈ ಲೆಕ್ಕಕ್ಕೆ ಬುನಾದಿ ಹಾಕಿದವರು ಪಿಯರ್ಸನ್ ಮತ್ತು ರೋಸೆನ್‌ಬರ್ಗ್ ಎಂಬ ವಿಜ್ಞಾನಿಗಳು. ಕೊಳೆ ಜಾಸ್ತಿಯಾದಂತೆ ತಳದ ಜೀವಿಗಳು ಒಂದು ಕ್ರಮದಲ್ಲೇ ಬದಲಾಗುತ್ತವೆ ಎಂದು 1978ರಲ್ಲಿ ಅವರು ತೋರಿಸಿದರು. ಆಳಕ್ಕೆ ಬಿಲ ತೋಡುವ, ನಿಧಾನ ಬೆಳೆಯುವ ದೊಡ್ಡ ಜೀವಿಗಳು ಮೊದಲು ಮಾಯವಾಗುತ್ತವೆ. ಕೊನೆಗೆ ಉಳಿಯುವುದು ಬೇಗ ಹುಟ್ಟಿ ಬೇಗ ಸಾಯುವ ಸಣ್ಣ ಹುಳುಗಳ ದೊಡ್ಡ ಗುಂಪು. ಕ್ಯಾಪಿಟೆಲ್ಲಾ ಎಂಬ ಕೆಂಪು ದಾರದಂಥ ಹುಳು ಅವುಗಳಲ್ಲಿ ಪ್ರಸಿದ್ಧ.

ಆದರೆ ಅಳಿವೆಯಲ್ಲಿ ಇದನ್ನು ಓದುವುದು ಕಷ್ಟ. ಜರ್ಮನಿಯ ಅಡೋಲ್ಫ್ ರೆಮಾನೆ 1934ರಲ್ಲೇ ಬಾಲ್ಟಿಕ್ ಸಮುದ್ರದಲ್ಲಿ ಗಮನಿಸಿದ್ದರು: ಉಪ್ಪು ಲೀಟರಿಗೆ 5ರಿಂದ 8 ಗ್ರಾಂ ಇರುವಲ್ಲಿ ಜೀವಿಗಳ ಬಗೆ ಅತಿ ಕಡಿಮೆ. ಸಿಹಿನೀರಿನವಕ್ಕೆ ಅದು ಜಾಸ್ತಿ ಉಪ್ಪು, ಸಮುದ್ರದವಕ್ಕೆ ತೀರಾ ಕಡಿಮೆ. ದಿನಕ್ಕೆರಡು ಸಲ ಬದಲಾಗುವ ಉಪ್ಪು ತಡೆದುಕೊಳ್ಳಬಲ್ಲ ಗಟ್ಟಿ ಜೀವಿಗಳಷ್ಟೇ ಅಳಿವೆಯಲ್ಲಿರುತ್ತವೆ, ಇದ್ದವು ಲೆಕ್ಕವಿಲ್ಲದಷ್ಟು ಇರುತ್ತವೆ. ಬಗೆ ಕಡಿಮೆ, ಸಂಖ್ಯೆ ಜಾಸ್ತಿ. ಕೊಳೆತ ನೀರಿನ ಲಕ್ಷಣವೂ ಇದೇ ತಾನೆ? ಇದನ್ನು ಎಲಿಯಟ್ ಮತ್ತು ಕ್ವಿಂಟಿನೋ ಎಂಬ ವಿಜ್ಞಾನಿಗಳು 2007ರಲ್ಲಿ ಅಳಿವೆಯ ಗುಣಮಟ್ಟದ ವಿರೋಧಾಭಾಸ ಎಂದು ಕರೆದರು. ಸಮುದ್ರದ ಅಳತೆಗೋಲಿನಿಂದ ನೋಡಿದರೆ ಎಲ್ಲ ಒಳ್ಳೆಯ ಅಳಿವೆಯೂ ಕೆಟ್ಟದ್ದಾಗಿ ಕಾಣುತ್ತದೆ. ಹಾಗಾಗಿ ಒಂದು ಜಾಗವನ್ನು ಅಷ್ಟೇ ಉಪ್ಪಿರುವ, ಅಂಥದೇ ಕೆಸರಿರುವ ಇನ್ನೊಂದು ಜಾಗಕ್ಕೆ ಮಾತ್ರ ಹೋಲಿಸಬೇಕು.

ಉಪಕರಣಗಳು ಸುಮ್ಮನಿದ್ದಾಗ ಜೀವಿಗಳು ಮಾತಾಡಿದ್ದೂ ಉಂಟು. 1970ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ಸಿಂಪಿಗಳ ಮರಿಗಳು ಬದುಕದೆ ಹೋದವು, ಬೆಳೆದವುಗಳ ಚಿಪ್ಪು ವಿಕಾರವಾಯಿತು. ಇಂಗ್ಲೆಂಡಿನ ಬಂಡೆಗಳ ಮೇಲಿನ ಡಾಗ್ ವೆಲ್ಕ್ ಎಂಬ ಸಣ್ಣ ಶಂಖದಹುಳುಗಳಲ್ಲಿ ಹೆಣ್ಣುಗಳಿಗೆ ಗಂಡಿನ ಅಂಗ ಬೆಳೆಯಿತು. ಕಾರಣ, ದೋಣಿಗಳ ಅಡಿಗೆ ಚಿಪ್ಪು ಅಂಟದಂತೆ ಬಳಿಯುತ್ತಿದ್ದ ಟ್ರೈಬ್ಯುಟೈಲ್ ಟಿನ್ ಬಣ್ಣ. ನೂರು ಕೋಟಿ ಲೀಟರ್ ನೀರಿಗೆ ಒಂದು ಗ್ರಾಂ ಸೇರಿದರೂ ಶಂಖದಹುಳುವಿಗೆ ತೊಂದರೆ ಶುರುವಾಗುತ್ತಿತ್ತು. ಫ್ರಾನ್ಸ್ 1982ರಲ್ಲಿ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. ಹಡಗುಗಳಿಗೂ ಅದನ್ನು ನಿಷೇಧಿಸಿದ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬರಲು 2008 ಆಯಿತು.

ಅಳತೆಯಿಂದ ಅಳಿವೆ ಬದುಕಿದ ಕಥೆ ಬೇಕಾದರೆ ಲಂಡನ್ನಿನ ಥೇಮ್ಸ್ ನೋಡಬೇಕು. 1957ರಲ್ಲಿ ಅದರ ಉಬ್ಬರವಿಳಿತದ ಭಾಗದಲ್ಲಿ, ಕ್ಯೂನಿಂದ ಗ್ರೇವ್ಸೆಂಡ್‌ವರೆಗೆ, ಹಾವುಮೀನು ಬಿಟ್ಟರೆ ಬೇರೆ ಮೀನೇ ಇರಲಿಲ್ಲ. ಚರಂಡಿ ನೀರಿನ ಶುದ್ಧೀಕರಣ ಘಟಕಗಳು ಸುಧಾರಿಸಿದ ಮೇಲೆ ಮೀನು ಮರಳಿತು. ಅದು ಗೊತ್ತಾದದ್ದು ವಿದ್ಯುತ್ ಸ್ಥಾವರಗಳು ತಂಪು ಮಾಡಲು ನೀರು ಎಳೆಯುವಾಗ ಜಾಲರಿಗೆ ಸಿಕ್ಕ ಮೀನುಗಳನ್ನು ಗುರುತಿಸಿ ಪಟ್ಟಿ ಮಾಡಿದ್ದರಿಂದ. 1974ರಲ್ಲಿ ವೆಸ್ಟ್ ಥರಾಕ್ ಸ್ಥಾವರದ ಜಾಲರಿಗೆ ಸಾಲ್ಮನ್ ಮೀನೊಂದು ಸಿಕ್ಕಿತು. ಆದರೂ ಬೇಸಿಗೆಯ ಜೋರು ಮಳೆಗೆ ಚರಂಡಿಗಳು ಉಕ್ಕಿದಾಗ ಆಮ್ಲಜನಕ ಕುಸಿಯುತ್ತಿತ್ತು. ಸೆನ್ಸರ್‌ಗಳಲ್ಲಿ ಅದು ಕಂಡ ಕೂಡಲೇ ನೀರಿಗೆ ಆಮ್ಲಜನಕ ಊದುವ ದೋಣಿಗಳನ್ನು ಕಳಿಸುತ್ತಿದ್ದರು. ಉಕ್ಕುವ ನೀರನ್ನು ಹಿಡಿದಿಡುವ 25 ಕಿಲೋಮೀಟರಿನ ಸುರಂಗ 2025ರಲ್ಲಿ ಪೂರ್ತಿಯಾಗಿ ಜೋಡಣೆಯಾಯಿತು.

ಈಗ ನೀರಿನಲ್ಲಿ ತೇಲುವ ಡಿಎನ್ಎ ತುಣುಕುಗಳಿಂದಲೇ ಯಾವ ಜೀವಿಗಳಿವೆ ಎಂದು ಹೇಳುವ ವಿಧಾನ ಬಂದಿದೆ. ಒಳ್ಳೆಯದು, ಬೇಗ ಆಗುತ್ತದೆ. ಆದರೆ ಅಳಿವೆಯಲ್ಲಿ ಆ ತುಣುಕುಗಳೂ ಉಬ್ಬರದ ಜೊತೆ ಹೋಗಿ ಬರುತ್ತವೆ, ಆ ಹುಳು ಅಲ್ಲೇ ಬದುಕಿತ್ತೇ ಎಂದು ಹೇಳಲಾರವು. ಹುಳುವನ್ನೇ ಎತ್ತಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಹೆಸರು ಹೇಳಬಲ್ಲ ಜನ ಇನ್ನೂ ಬೇಕು. ಅವರಿಗೆ ಕೆಲಸ, ಸಂಬಳ ಎರಡೂ ಸಿಗಬೇಕು. ಕ್ಯಾಪಿಟೆಲ್ಲಾ ಹುಳುವನ್ನೇ ತಗೊಳ್ಳಿ. ಜಗತ್ತಿನಾದ್ಯಂತ ಕೊಳೆಯ ಗುರುತು ಎಂದು ಎಣಿಸುತ್ತಿದ್ದ ಆ ಒಂದು ಹುಳು, ನಿಜವಾಗಿ ನೋಡಲು ಒಂದೇ ಥರ ಇರುವ ಕನಿಷ್ಠ ಆರು ಬೇರೆ ಪ್ರಭೇದಗಳು ಎಂದು ಜುಡಿತ್ ಮತ್ತು ಫ್ರೆಡರಿಕ್ ಗ್ರಾಸ್ಲ್ 1976ರಲ್ಲಿ ತೋರಿಸಿದರು. ಅವು ಮರಿ ಮಾಡುವ ರೀತಿಯೂ ಬೇರೆ ಬೇರೆ. ಅದಕ್ಕೇ ಎಣಿಸಿ ಮುಗಿದ ಮೇಲೆ ಹುಳುಗಳನ್ನು ಬಿಸಾಡಬಾರದು. ಜಾಗ, ದಿನಾಂಕ, ಉಬ್ಬರದ ಗಂಟೆ ಬರೆದ ಚೀಟಿಯ ಜೊತೆ ಆಲ್ಕೋಹಾಲ್‌ನಲ್ಲಿ ಇಟ್ಟರೆ ಮುಂದೆ ಯಾರಾದರೂ ಅದೇ ಹುಳುಗಳನ್ನು ಮತ್ತೊಮ್ಮೆ ತೆಗೆದು ಸರಿನೋಡಬಹುದು.